ತಾಣದ ಓದುಗರ ಲೆಕ್ಕ ಮತ್ತು ಹುಡುಕಾಟದಲ್ಲಿನ ಸ್ಥಾನ: ವರ್ಷದಿಂದ ವರ್ಷಕ್ಕೆ ಹೋಲಿಸುವುದು ಹೇಗೆ?

ಎಡದಂಡೆ_ಗಂಗಾವತಿ ಕೇಳಿದ್ದು:

ಎಲ್ಲರಿಗೂ ಶರಣು. ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಎಡದಂಡೆ ಕಾಲುವೆಗೆ ನೀರು ಬಿಡುವ ದಿನಾಂಕ, ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯ ತೀರ್ಮಾನಗಳು, ಭತ್ತದ ದರ, ನಡುನಡುವೆ ಆನೆಗೊಂದಿ ಮತ್ತು ಕೊಪ್ಪಳದ ಶಾಸನಗಳ ಕುರಿತ ಟಿಪ್ಪಣಿಗಳು, ಇಷ್ಟನ್ನು ಬರೆಯುವ ಬ್ಲಾಗೊಂದನ್ನು ಹಲವು ವರ್ಷಗಳಿಂದ ನಡೆಸುತ್ತ ಬಂದಿದ್ದೇನೆ. ಪ್ರತಿ ತಿಂಗಳ ಕೊನೆಗೆ ಪುಟವೀಕ್ಷಣೆಯ ಸಂಖ್ಯೆಯನ್ನೂ, ಜಗತ್ತಿನ ತಾಣಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಅಲೆಕ್ಸಾ ರ‍್ಯಾಂಕನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ರೂಢಿ ನನ್ನದು. 2022ರ ಮೇ 1ರಂದು ಅಲೆಕ್ಸಾ ಸೇವೆ ನಿಂತ ಮೇಲೆ ಎರಡನೆಯ ಕಾಲಂ ಖಾಲಿಯಾಗಿಯೇ ಉಳಿದಿದೆ. ಅದರಲ್ಲಿ ಈಗ ಏನನ್ನು ತುಂಬಬೇಕೆಂಬುದು ನನ್ನ ಮೊದಲ ಪ್ರಶ್ನೆ.

ಗೂಗಲ್ ಹುಡುಕಾಟದಲ್ಲಿ ನಮ್ಮ ತಾಣ ಹೇಗೆ ಕಾಣುತ್ತಿದೆಯೆಂದು ತಿಳಿಸುವ ಗೂಗಲಿನ ಸರ್ಚ್ ಕನ್ಸೋಲಿನಲ್ಲಿ ಕಾಣುವ ‘ಸರಾಸರಿ ಸ್ಥಾನ’ವನ್ನು ಬರೆದುಕೊಳ್ಳೋಣವೆಂದರೆ, ಹೋದ ವರ್ಷಕ್ಕಿಂತ ಅದು ಬಹಳ ಕೆಳಗಿಳಿದಂತೆ ತೋರುತ್ತದೆ, ಆದರೆ ಕ್ಲಿಕ್ಕುಗಳು ಕಡಿಮೆಯಾಗಿಲ್ಲ. ನನ್ನ ಬ್ಲಾಗಿರುವ ವೇದಿಕೆಯಾದ ಬ್ಲಾಗರ್ ತೋರಿಸುವ ವೀಕ್ಷಣೆಯ ಸಂಖ್ಯೆಗೂ ಓದುಗರನ್ನು ಎಣಿಸುವ ಸಾಧನವಾದ ಗೂಗಲ್ ಅನಲಿಟಿಕ್ಸ್ ತೋರಿಸುವ ಸಂಖ್ಯೆಗೂ ಅಜಗಜಾಂತರವಿದೆ. ಇನ್ನೊಂದು ತೊಡಕೆಂದರೆ, 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಓದುಗರು ಒಮ್ಮೆಲೇ ನುಗ್ಗಿ ಬಂದರು. ಆ ತಿಂಗಳ ಎದುರಿಗೆ ಇಟ್ಟು ನೋಡಿದರೆ ಅದರ ನಂತರದ ಎಲ್ಲ ಆಗಸ್ಟ್ ತಿಂಗಳುಗಳೂ ಸೋತಂತೆ ಕಾಣುತ್ತವೆ.

ಇದೆಲ್ಲ ಈಗ ಏಕೆಂದರೆ, ಇಲ್ಲಿನ ಅಕ್ಕಿ ಗಿರಣಿಯ ಮಾಲೀಕರೊಬ್ಬರು ಜಾಹೀರಾತು ಕೊಡುವ ಮನಸ್ಸು ಮಾಡಿದ್ದಾರೆ. ಅವರು ಕೇಳಿದ ಮೊದಲ ಮಾತೇ “ನಿಮ್ಮ ರ‍್ಯಾಂಕ್ ಎಷ್ಟು?” ಎಂದು. ಅವರಿಗೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಯಾವುದು?

ಕೋಟೆಬೆಟ್ಟ_ಬಳ್ಳಾರಿ ಉತ್ತರಿಸಿದ್ದು:

ಮಾನ್ಯರೆ, ಖಾಲಿಯಾದ ಆ ಕಾಲಮ್ಮಿನ ಬಗ್ಗೆ ತಾವು ಚಿಂತಿಸಬೇಕಾಗಿಲ್ಲ, ಏಕೆಂದರೆ ಅದು ತುಂಬಿದ್ದಾಗಲೂ ಅದರಲ್ಲಿ ಹೆಚ್ಚಿನ ಹುರುಳಿರಲಿಲ್ಲ. 1996ರಲ್ಲಿ ಆರಂಭವಾಗಿ 1999ರಲ್ಲಿ ಅಮೆಜಾನ್ ಪಾಲಾದ ಅಲೆಕ್ಸಾ ಸಂಸ್ಥೆಯು ತನ್ನ ಟೂಲ್‌ಬಾರನ್ನೋ ಬ್ರೌಸರ್ ಎಕ್ಸ್‌ಟೆನ್ಶನ್ನನ್ನೋ ಹಾಕಿಕೊಂಡ ಕಂಪ್ಯೂಟರ್‌ಗಳ ಓಡಾಟವನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಮೂರು ತಿಂಗಳ ಅಂದಾಜಿನ ಮೇಲೆ ಜಗತ್ತಿನ ತಾಣಗಳನ್ನು ಸಾಲಾಗಿ ನಿಲ್ಲಿಸುತ್ತಿತ್ತು. ಒಂದು ಲಕ್ಷದಾಚೆಗಿನ ರ‍್ಯಾಂಕುಗಳನ್ನು ಹೆಚ್ಚು ನೆಚ್ಚಬಾರದೆಂದು ಅದೇ ಸಂಸ್ಥೆ ಹೇಳಿಕೊಂಡಿತ್ತು. ಗದ್ದೆಯ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ನೀರಿನ ಮಟ್ಟ ನೋಡುವ ತಮ್ಮ ಓದುಗನು ಆ ಎಣಿಕೆಯೊಳಗೆ ಬಂದಿರುವ ಸಂಭವ ತೀರ ಕಡಿಮೆ. ಇದಕ್ಕೂ ಮುಂಚೆ ಗೂಗಲಿನ ಪೇಜ್‌ರ‍್ಯಾಂಕ್ ಅಂಕವನ್ನು ಸೊನ್ನೆಯಿಂದ ಹತ್ತರವರೆಗೆ ತೋರಿಸುವ ಪಟ್ಟಿಯೊಂದಿತ್ತು. ಅದನ್ನೂ 2016ರಲ್ಲಿ ಸಾರ್ವಜನಿಕರಿಂದ ಮರೆಮಾಡಲಾಯಿತು. ತಾಣವನ್ನೋ ಪುಟವನ್ನೋ ಒಂದೇ ಅಂಕದಲ್ಲಿ ಅಳೆಯುವ ಕಾಲ ಮುಗಿದಂತೆಯೇ.

ಈಗ ಸರಾಸರಿ ಸ್ಥಾನದ ವಿಷಯ. ತಮ್ಮ ಗೊಂದಲಕ್ಕೆಲ್ಲ ಮೂಲ ಇದೇ ಎಂದು ನನಗೆ ಅನ್ನಿಸುತ್ತದೆ. ಈ ಅಂಕಿ ತಾಣದ ಸ್ಥಾನವಲ್ಲ. ತಮ್ಮ ಪುಟ ಹುಡುಕಾಟದ ಫಲಿತಾಂಶದಲ್ಲಿ ಕಾಣಿಸಿಕೊಂಡ ಅಷ್ಟೂ ಸಂದರ್ಭಗಳಲ್ಲಿ ಅದು ಎಷ್ಟನೆಯದಾಗಿತ್ತು ಎಂಬುದರ ಸರಾಸರಿ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ‘ತುಂಗಭದ್ರಾ ಡ್ಯಾಂ ನೀರಿನ ಮಟ್ಟ’ ಎಂಬ ಹುಡುಕಾಟದಲ್ಲಿ ತಮ್ಮ ಪುಟ 100 ಬಾರಿ, ಪ್ರತಿ ಸಲವೂ ಎರಡನೆಯ ಸ್ಥಾನದಲ್ಲಿ ಕಂಡಿತೆನ್ನಿ, ಸರಾಸರಿ 2. ಆಮೇಲೆ ಗವಿಮಠದ ಅಶೋಕನ ಶಾಸನದ ಬಗ್ಗೆ ತಾವು ಹೊಸ ಲೇಖನ ಬರೆದಿರಿ, ಅದು ಬೇರೆ 100 ಹುಡುಕಾಟಗಳಲ್ಲಿ 40ನೆಯ ಸ್ಥಾನದಲ್ಲಿ ಕಾಣಿಸಿಕೊಂಡಿತು. ಈಗ ಒಟ್ಟು ಸರಾಸರಿ 21. ಹಳೆಯ ಪುಟ ಕದಲಿಲ್ಲ, ಒಬ್ಬ ಓದುಗನೂ ಕಡಿಮೆಯಾಗಲಿಲ್ಲ, ಆದರೂ ಸ್ಥಾನ ಪಾತಾಳಕ್ಕಿಳಿದಂತೆ ಕಾಣುತ್ತದೆ. ಬರೆಯುವ ವಿಷಯದ ಹರವು ಹೆಚ್ಚಿದಷ್ಟೂ ಹೀಗೆ ಆಗುವುದು ಸಹಜ.

ಇದರ ತಿರುಗುಮುರುಗೂ ನಡೆದಿದೆ. ಒಂದೇ ಪುಟದಲ್ಲಿ 100 ಫಲಿತಾಂಶ ತೋರಿಸುವ ಸೌಲಭ್ಯವನ್ನು ಗೂಗಲ್ 2025ರ ಸೆಪ್ಟೆಂಬರಿನಲ್ಲಿ ಕೈಬಿಟ್ಟಾಗ, ರ‍್ಯಾಂಕ್ ಪರೀಕ್ಷಿಸುವ ಯಂತ್ರಗಳು ಆಳದ ಪುಟಗಳನ್ನು ತೆರೆಯುವುದು ತಗ್ಗಿ, ಅನೇಕ ತಾಣಗಳಲ್ಲಿ ಇಂಪ್ರೆಷನ್ (ಫಲಿತಾಂಶದಲ್ಲಿ ಪುಟ ಕಾಣಿಸಿಕೊಂಡ ಸಲಗಳ ಎಣಿಕೆ) ಕುಸಿದು ಸರಾಸರಿ ಸ್ಥಾನ ಮಾತ್ರ ಏಕಾಏಕಿ ಸುಧಾರಿಸಿದಂತೆ ಕಂಡಿತು. ಯಾರೂ ಏನೂ ಚೆನ್ನಾಗಿ ಬರೆದದ್ದರಿಂದ ಆದ ಸುಧಾರಣೆ ಅದಲ್ಲ.

ಆದ್ದರಿಂದ ತಾಣದ ಸರಾಸರಿಯನ್ನು ಬಿಟ್ಟುಬಿಡಿ. ಬದಲಾಗದ ಕೆಲವೇ ಹುಡುಕುಪದಗಳನ್ನು ಆರಿಸಿಕೊಂಡು, ಒಂದೊಂದಕ್ಕೂ ಇಂಪ್ರೆಷನ್, ಕ್ಲಿಕ್, ಸ್ಥಾನ ಈ ಮೂರನ್ನೂ ಬೇರೆಬೇರೆಯಾಗಿ ಬರೆದಿಡಿ.

ಸಿಂಧನೂರು_ಕೊನೆಭಾಗ ಉತ್ತರಿಸಿದ್ದು:

ಬ್ಲಾಗರ್ ಮತ್ತು ಅನಲಿಟಿಕ್ಸ್ ನಡುವಿನ ವ್ಯತ್ಯಾಸಕ್ಕೆ ಉತ್ತರ ಸರಳವಾಗಿದೆ. ಬ್ಲಾಗರ್‌ನ ಎಣಿಕೆಯಲ್ಲಿ ಪುಟವನ್ನು ಕರೆಯುವ ಯಂತ್ರಗಳ ಭೇಟಿಯೂ ಸೇರಿಕೊಳ್ಳುತ್ತದೆ. ತಮ್ಮದೇ ವೀಕ್ಷಣೆಯನ್ನು ಲೆಕ್ಕ ಹಿಡಿಯಬೇಡವೆಂದು ತಾವು ಆ ಬ್ರೌಸರ್‌ನಲ್ಲಿ ಸೂಚಿಸದಿದ್ದರೆ ಅದೂ ಸೇರುತ್ತದೆ. ಅನಲಿಟಿಕ್ಸ್ ಪುಟದೊಳಗಿನ ಸ್ಕ್ರಿಪ್ಟ್ ಓಡಿದಾಗ ಮಾತ್ರ ಎಣಿಸುತ್ತದೆ, ಬೋಟ್‌ಗಳೆಂದು ಕರೆಯುವ ಅಂಥ ಯಂತ್ರಗಳಲ್ಲಿ ಗೊತ್ತಿರುವುವನ್ನು ತಾನೇ ಕೈಬಿಡುತ್ತದೆ, ಹಾಗೆಯೇ ಜಾಹೀರಾತು ತಡೆಯುವ ಬ್ರೌಸರ್ ಬಳಸುವ ನಿಜವಾದ ಓದುಗರನ್ನೂ ಕಳೆದುಕೊಳ್ಳುತ್ತದೆ. ಒಂದು ಹೆಚ್ಚು ಹೇಳುತ್ತದೆ, ಇನ್ನೊಂದು ಕಡಿಮೆ ಹೇಳುತ್ತದೆ. ಎರಡನ್ನು ಎಂದೂ ಒಂದೇ ಗೆರೆಯಲ್ಲಿ ಜೋಡಿಸಬೇಡಿ.

ಗೇಟು ಮುರಿದ ದಿನದ ಅಂಕಿಗಳನ್ನು ತಾವು ಇಳಿಸಿಟ್ಟುಕೊಂಡಿದ್ದರೆ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಿ. ಸರ್ಚ್ ಕನ್ಸೋಲಿನ ದಿನವು ಅಮೆರಿಕದ ಪೆಸಿಫಿಕ್ ವೇಳೆಯಂತೆ ಮಗುಚುತ್ತದೆ, ಆಗಸ್ಟ್ ತಿಂಗಳಲ್ಲಿ ಅದು ನಮಗಿಂತ ಹನ್ನೆರಡೂವರೆ ತಾಸು ಹಿಂದೆ. 11ನೇ ತಾರೀಖು ಭಾನುವಾರ ಬೆಳಗ್ಗೆ ಎದ್ದ ಕೂಡಲೇ ಜನರು ಹುಡುಕಿದ್ದೆಲ್ಲ, ಮಧ್ಯಾಹ್ನ ಹನ್ನೆರಡೂವರೆಯವರೆಗೂ, ಅಲ್ಲಿ 10ನೇ ತಾರೀಖಿನ ಲೆಕ್ಕಕ್ಕೇ ಬಿದ್ದಿರುತ್ತದೆ. ಅನಲಿಟಿಕ್ಸ್‌ನಲ್ಲಿ ಭಾರತದ ವೇಳೆಯನ್ನು ಇಟ್ಟುಕೊಂಡಿದ್ದರೆ ಅದೇ ಓದುಗರು 11ಕ್ಕೆ ಕಾಣುತ್ತಾರೆ.

ಎಡದಂಡೆ_ಗಂಗಾವತಿ:

ಇಬ್ಬರಿಗೂ ಧನ್ಯವಾದಗಳು. ಇನ್ನು ಕೇಳಬೇಕಾದದ್ದು ಎರಡು. 2024ರ ಆಗಸ್ಟನ್ನು ಹೋಲಿಕೆಯಿಂದ ಪೂರ್ತಿ ತೆಗೆದುಹಾಕಬೇಕೇ? ಮತ್ತು ಮುಂದಿನ ವರ್ಷಗಳಿಗಾಗಿ ಏನನ್ನು, ಎಲ್ಲಿ ಉಳಿಸಿಡಬೇಕು?

ರಾಯಚೂರು_ಗ್ರಂಥಪಾಲ ಉತ್ತರಿಸಿದ್ದು:

ಉಳಿಸಿಡುವ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದು ತಡೆಯುವಂಥದ್ದಲ್ಲ. ಸರ್ಚ್ ಕನ್ಸೋಲಿನಲ್ಲಿ ಹಿಂದಿನ 16 ತಿಂಗಳ ಅಂಕಿ ಮಾತ್ರ ಇರುತ್ತದೆ. ಒಂದು ಇಡೀ ವರ್ಷವನ್ನು ಅದರ ಹಿಂದಿನ ಇಡೀ ವರ್ಷದೊಂದಿಗೆ ಹೋಲಿಸಲು 24 ತಿಂಗಳು ಬೇಕು. ಆದ್ದರಿಂದ ಆ ಪರದೆಯ ಮೇಲೆ ಅಂಥ ಹೋಲಿಕೆ ಎಂದಿಗೂ ಸಾಧ್ಯವಿಲ್ಲ, ಸ್ವಂತ ಕಡತ ಇದ್ದವರಿಗೆ ಮಾತ್ರ ಸಾಧ್ಯ. ಅಲ್ಲಿಂದ ಇಳಿಸಿಕೊಳ್ಳುವ ಪಟ್ಟಿಯಲ್ಲಿ ಗರಿಷ್ಠ 1000 ಸಾಲುಗಳಿರುತ್ತವೆ, ವಿರಳವಾದ ಹುಡುಕುಪದಗಳನ್ನು ಖಾಸಗಿತನದ ಕಾರಣಕ್ಕೆ ಅಡಗಿಸಿರುತ್ತಾರೆ, ಹೀಗಾಗಿ ಸಾಲುಗಳನ್ನು ಕೂಡಿಸಿದರೆ ಮೇಲಿನ ಒಟ್ಟು ಮೊತ್ತ ಬರುವುದಿಲ್ಲ. ಎರಡನ್ನೂ ಬೇರೆಬೇರೆ ಬರೆದಿಡುವುದು ಲೇಸು.

ಅನಲಿಟಿಕ್ಸ್‌ನ ಹಳೆಯ ಆವೃತ್ತಿಯಾದ ಯುನಿವರ್ಸಲ್ ಅನಲಿಟಿಕ್ಸ್ 2023ರ ಜುಲೈ 1ರಿಂದ ಹೊಸ ಅಂಕಿಗಳನ್ನು ಸ್ವೀಕರಿಸುವುದನ್ನು ನಿಲ್ಲಿಸತೊಡಗಿತು, 2024ರ ಜುಲೈನಿಂದ ಅದರೊಳಗಿನ ಹಳೆಯ ವರದಿಗಳ ಬಾಗಿಲೂ ಮುಚ್ಚಿತು. ತಮ್ಮ ಲೆಕ್ಕದ ಪುಸ್ತಕದಲ್ಲಿ ಕೈಯಿಂದ ಬರೆದ ಪುಟವೀಕ್ಷಣೆಗಳು ಇವತ್ತಿಗೆ ಬೆಲೆಬಾಳುವುದು ಈ ಕಾರಣದಿಂದ. ಆದರೆ ಈಗಿನ ಆವೃತ್ತಿಯಾದ ಜಿಎ4ರ (ಗೂಗಲ್ ಅನಲಿಟಿಕ್ಸ್ 4) ಜೊತೆಗೆ ಅವನ್ನು ಜೋಡಿಸುವಾಗ ಪುಟವೀಕ್ಷಣೆಯನ್ನು ಮಾತ್ರ, ಅದೂ ನಡುವೆ ಒಂದು ಗೆರೆ ಎಳೆದು ಜೋಡಿಸಿ. ‘ಬಳಕೆದಾರರು’ ಎಂಬ ಅಂಕಿಯನ್ನು ಜೋಡಿಸಬೇಡಿ: ಹಳೆಯದರಲ್ಲಿ ಅದು ಬಂದವರೆಲ್ಲರ ಎಣಿಕೆ, ಹೊಸದರಲ್ಲಿ ಸಕ್ರಿಯರಾಗಿದ್ದವರದು. ಜಿಎ4ರ ಅಡ್ಮಿನ್ ವಿಭಾಗಕ್ಕೆ ಹೋಗಿ ಡೇಟಾ ಉಳಿಸುವ ಅವಧಿಯನ್ನೂ ನೋಡಿಕೊಳ್ಳಿ. ತಾನಾಗಿ ಇರುವುದು 2 ತಿಂಗಳು, ಉಚಿತ ಖಾತೆಯಲ್ಲಿ 14 ತಿಂಗಳಿಗೆ ಏರಿಸಬಹುದು. ಸಿದ್ಧ ವರದಿಗಳ ಒಟ್ಟು ಮೊತ್ತಕ್ಕೆ ಇದರಿಂದ ಬಾಧೆಯಿಲ್ಲ, ಆಳವಾಗಿ ಕೆದಕಿ ನೋಡುವ ಎಕ್ಸ್‌ಪ್ಲೊರೇಶನ್ ವಿಭಾಗಕ್ಕೆ ಇದೆ.

ಇನ್ನು 2024ರ ಆಗಸ್ಟ್. ಅದನ್ನು ತೆಗೆದುಹಾಕಬೇಡಿ, ನಡೆದದ್ದನ್ನು ಕಡತದಿಂದ ಅಳಿಸುವುದು ನನ್ನ ವೃತ್ತಿಗೇ ಒಗ್ಗದ ಮಾತು. ತಿಂಗಳ ಒಟ್ಟು ಮೊತ್ತದ ಪಕ್ಕದಲ್ಲಿ ದಿನದ ಅಂಕಿಗಳ ಮಧ್ಯಾಂಕವನ್ನೂ ಬರೆಯಿರಿ. ತಿಂಗಳ ದಿನಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದಾಗ ನಟ್ಟನಡುವೆ ಬರುವ ದಿನದ ಸಂಖ್ಯೆ ಅದು. ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ತಡೆ) ಕೂರಿಸುವವರೆಗಿನ ಸುಮಾರು ಒಂದು ವಾರದ ಉಬ್ಬರ ಒಟ್ಟು ಮೊತ್ತವನ್ನು ಎಷ್ಟು ಎತ್ತಿದರೂ ಮಧ್ಯಾಂಕವನ್ನು ಹೆಚ್ಚು ಕದಲಿಸಲಾರದು. ಮಾಮೂಲಿ ಓದುಗರು ಹೆಚ್ಚಿದರೇ ಇಲ್ಲವೇ ಎಂಬುದು ಅದರಿಂದಲೇ ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಇಲ್ಲಿ ಯಾರೂ ಎತ್ತಲಿಲ್ಲ. ತಮ್ಮ ಬ್ಲಾಗಿನಂಥ ಬ್ಲಾಗಿಗೆ ಜುಲೈಯನ್ನು ಜುಲೈಗೆ ಹೋಲಿಸುವುದೇ ಸರಿಯಲ್ಲ. ಓದುಗರು ಬರುವುದು ಕ್ಯಾಲೆಂಡರ್ ನೋಡಿಕೊಂಡಲ್ಲ, ಮಲೆನಾಡಿನಲ್ಲಿ ಮಳೆ ಹಿಡಿದು ಜಲಾಶಯದ ಒಳಹರಿವು ಏರಿದಾಗ, ಕಾಲುವೆಗೆ ನೀರು ಬಿಟ್ಟಾಗ, 1633 ಅಡಿಯ ಗರಿಷ್ಠ ಮಟ್ಟ ಹತ್ತಿರ ಬಂದಾಗ. ಬರದ ವರ್ಷವಾದ 2023ರಲ್ಲಿ ಜಲಾಶಯ ತುಂಬಲೇ ಇಲ್ಲ. ಆ ವರ್ಷದ ಓದುಗರ ರೇಖೆ 2022ರ ರೇಖೆಯಂತೆ ಇರಲು ಹೇಗೆ ಸಾಧ್ಯ? ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನವನ್ನು ಮೊದಲ ದಿನವೆಂದು ಹಿಡಿದು, ಅಲ್ಲಿಂದ ಮುಂದಿನ 28 ದಿನಗಳನ್ನು ಪ್ರತಿ ವರ್ಷ ಹೋಲಿಸಿ ನೋಡಿ. 28 ಏಕೆಂದರೆ ಪೂರ್ಣ ನಾಲ್ಕು ವಾರವಾಗುತ್ತದೆ, ವಾರದ ಏಳೂ ದಿನಗಳು ಸಮನಾಗಿ ಬರುತ್ತವೆ, 30–31ರ ಗೊಡವೆ ಇರುವುದಿಲ್ಲ. ಗವಿಸಿದ್ಧೇಶ್ವರ ಜಾತ್ರೆ, ಅಂಜನಾದ್ರಿಯ ಹನುಮಮಾಲೆ ಕುರಿತ ಪುಟಗಳಿಗೂ ಇದೇ ಕ್ರಮ. ಇವು ಪಂಚಾಂಗದ ಮೇಲೆ ನಿಂತವು. ಅಧಿಕಮಾಸ ಬಂದರಂತೂ ಹಬ್ಬಗಳು ವಾರಗಟ್ಟಲೆ ಸರಿಯುತ್ತವೆ: 2022ರಲ್ಲಿ ಆಗಸ್ಟ್ 31ಕ್ಕೆ ಬಂದ ಗಣೇಶ ಚತುರ್ಥಿ, ಅಧಿಕ ಶ್ರಾವಣದಿಂದಾಗಿ 2023ರಲ್ಲಿ ಸೆಪ್ಟೆಂಬರ್ 18ಕ್ಕೆ ಹೋಯಿತು. ಕಡತದಲ್ಲಿ ಷರಾ ಎಂಬ ಒಂದು ಕಾಲಂ ಇಟ್ಟು ಐಸಿಸಿ ಸಭೆ, ನೀರು ಬಿಟ್ಟ ದಿನ, ತಾವು ಬ್ಲಾಗಿನ ವಿನ್ಯಾಸ ಬದಲಿಸಿದ ದಿನ ಎಲ್ಲವನ್ನೂ ಬರೆದಿಟ್ಟರೆ ಮೂರು ವರ್ಷ ಬಿಟ್ಟು ನೋಡಿದರೂ ರೇಖೆಯ ಏರಿಳಿತ ಅರ್ಥವಾಗುತ್ತದೆ.

ಹುಡುಕುವ ಜನರೇ ಕಡಿಮೆಯಾದರೋ ಅಥವಾ ತಮ್ಮ ಸ್ಥಾನ ಕುಸಿಯಿತೋ ಎಂಬ ಅನುಮಾನ ಬಂದಾಗ ಗೂಗಲ್ ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿ ‘ತುಂಗಭದ್ರಾ’ ಎಂಬ ಪದವನ್ನು ನೋಡಬಹುದು. ಅಲ್ಲಿನ 0–100 ಅಂಕಗಳು ಹುಡುಕಾಟಗಳ ಸಂಖ್ಯೆಯಲ್ಲ, ಆರಿಸಿದ ಅವಧಿಯ ಶಿಖರವನ್ನು 100 ಎಂದು ಹಿಡಿದ ಸಾಪೇಕ್ಷ ಅಳತೆ. ಹೀಗಾಗಿ 2024ರ ಆಗಸ್ಟನ್ನು ಸೇರಿಸಿ ನೋಡಿದರೆ ಉಳಿದ ವರ್ಷಗಳೆಲ್ಲ ನೆಲಕ್ಕೆ ಅಂಟಿಕೊಂಡಂತೆ ಕಾಣಬಹುದು. ಅದನ್ನು ಬಿಟ್ಟು ಬೇರೆ ಅವಧಿಗಳನ್ನು ಆರಿಸಿಕೊಳ್ಳಿ.

ಕೋಟೆಬೆಟ್ಟ_ಬಳ್ಳಾರಿ:

ಗಿರಣಿಯ ಮಾಲೀಕರಿಗೆ ಊರುವಾರು ಪಟ್ಟಿಯನ್ನು ಅನಲಿಟಿಕ್ಸ್‌ನಿಂದ ತೆಗೆದು ತೋರಿಸಿದರೆ ಸಾಕಲ್ಲವೇ? ಗಂಗಾವತಿಯಿಂದ ಇಷ್ಟು, ಕಾರಟಗಿಯಿಂದ ಇಷ್ಟು ಎಂದು ಹೇಳಿದರೆ ಅವರಿಗೆ ಮನದಟ್ಟಾದೀತು.

ಸಿಂಧನೂರು_ಕೊನೆಭಾಗ:

ಅದನ್ನು ನಾನು ಒಪ್ಪಲಾರೆ, ಸರ್. ಅನಲಿಟಿಕ್ಸ್ ಊರನ್ನು ಊಹಿಸುವುದು ಐಪಿ ವಿಳಾಸದಿಂದ. ಮೊಬೈಲ್ ಜಾಲದಲ್ಲಿ ಬರುವ ಓದುಗನ ಐಪಿ ವಿಳಾಸವು ಅನೇಕ ವೇಳೆ ಬೆಂಗಳೂರು ಅಥವಾ ಹೈದರಾಬಾದಿನ ಹೆಸರಿನಲ್ಲಿರುತ್ತದೆ. ಕಾರಟಗಿಯಲ್ಲಿ ಕುಳಿತವನನ್ನು ವರದಿಯು ಬೆಂಗಳೂರಿನವನೆಂದು ತೋರಿಸುತ್ತದೆ. ಆ ಪಟ್ಟಿಯನ್ನು ನೋಡಿದ ಮಾಲೀಕರು “ಬೆಂಗಳೂರಿನವರಿಗೆ ನನ್ನ ಗಿರಣಿಯ ಜಾಹೀರಾತು ಯಾಕೆ?” ಎಂದು ಎದ್ದುಹೋದರೂ ಅಚ್ಚರಿಯಿಲ್ಲ.

ಓದುಗ ಎಲ್ಲಿಯವನೆಂದು ಅವನು ಹುಡುಕಿದ ಮಾತೇ ಹೆಚ್ಚು ನಂಬಿಕೆಯಾಗಿ ಹೇಳುತ್ತದೆ. ‘54ನೇ ಉಪಕಾಲುವೆ ನೀರು’ ಎಂದು ಹುಡುಕುವವನು ಬೆಂಗಳೂರಿನಲ್ಲಿ ವಾಸವಾಗಿದ್ದರೂ ಅವನ ಹೊಲ ನಮ್ಮ ಕಡೆಯೇ ಇರುತ್ತದೆ. ಸರ್ಚ್ ಕನ್ಸೋಲಿನ ಹುಡುಕುಪದದ ಫಿಲ್ಟರಿನಲ್ಲಿ ರೆಜೆಕ್ಸ್ (ಪದಗಳ ಮಾದರಿ ಕೊಟ್ಟು ಸೋಸುವ) ಆಯ್ಕೆ ಇದೆ. ಅಲ್ಲಿ ‘ಉಪಕಾಲುವೆ|ಎಡದಂಡೆ|ಟಿಬಿ ಡ್ಯಾಂ|ಭತ್ತದ ದರ’ ಎಂದು ನಡುವೆ ನಿಲುಗೆರೆ ಹಾಕಿ ಬರೆದರೆ ಇವುಗಳಲ್ಲಿ ಯಾವುದೊಂದು ಇದ್ದರೂ ಎಲ್ಲ ಕ್ಲಿಕ್ಕುಗಳು ಒಂದೇ ಮೊತ್ತವಾಗಿ ಬರುತ್ತವೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡುವ ರೂಪಗಳನ್ನೂ ಮರೆಯದೆ ಸೇರಿಸಿ, ನಮ್ಮ ಕಡೆಯ ಬಹಳಷ್ಟು ಜನ ಹಾಗೆಯೇ ಹುಡುಕುತ್ತಾರೆ. ಕಾಲುವೆಗೆ ನೀರು ಬಿಟ್ಟ ಮೇಲಿನ 28 ದಿನಗಳಲ್ಲಿ ಈ ಗುಂಪಿನ ಪದಗಳಿಂದ ಬಂದ ಕ್ಲಿಕ್ಕುಗಳು ಎಷ್ಟು ಎಂಬ ಒಂದು ಅಂಕಿಯನ್ನು, ಕೈಲಿರುವಷ್ಟು ವರ್ಷಗಳದ್ದು ಸಾಲಾಗಿ ಬರೆದು, 2024ರ ಎದುರು ‘19ನೇ ಗೇಟು’ ಎಂದು ಷರಾ ಹಾಕಿ ಮಾಲೀಕರ ಕೈಗೆ ಕೊಡಿ. ಜಾಹೀರಾತನ್ನು ವರ್ಷಪೂರ್ತಿ ಹಾಕುವ ಬದಲು ನಾಟಿಯ ಕಾಲಕ್ಕೂ ಕೊಯ್ಲಿನ ಕಾಲಕ್ಕೂ ಬೇರೆಬೇರೆ ದರ ಹೇಳಲು ಆ ಹಾಳೆಯೇ ಆಧಾರವಾಗುತ್ತದೆ. ಗಿರಣಿಯವರಿಗೆ ಬೇಕಾಗಿರುವುದು ಹೇಗಿದ್ದರೂ ಕೊಯ್ಲಿನ ಹೊತ್ತಿನ ಓದುಗರು, ಆದ್ದರಿಂದ ಮೊದಲು ನವೆಂಬರ್–ಡಿಸೆಂಬರ್ ಅಂಕಿಗಳನ್ನೇ ತೆಗೆದುಕೊಂಡು ಹೋಗಿ.