ಡಾಕ್ಟರನ್ನು ಕೇಳಿ: ಉಗಾಂಡಕ್ಕೆ ಸೇವೆಗೆ ಹೊರಟ ದಂಪತಿ, ಐದು ತಿಂಗಳ ಮಗು

ಅಡ್ಮಿನ್: ಹೊರದೇಶದ ಸೇವೆಗೆ ತಯಾರಾಗುತ್ತಿರುವವರ ಈ ಗುಂಪಿನಲ್ಲಿ ಇವತ್ತು ಪ್ರವಾಸಿಗಳ ಆರೋಗ್ಯ ನೋಡುವ ಡಾಕ್ಟರ್ ಇರುತ್ತಾರೆ. ಲಸಿಕೆ, ಮಲೇರಿಯಾ, ಔಷಧಿ ಪೆಟ್ಟಿಗೆ ಬಗ್ಗೆ ಕೇಳಿ. ಫಾರ್ವರ್ಡ್ ಬೇಡ.

ಮಂಗಳೂರು ದಂಪತಿ: ನಮಸ್ಕಾರ ಡಾಕ್ಟ್ರೇ. ನಾವು ಗಂಡ ಹೆಂಡತಿ (29, 27 ವರ್ಷ) ಉತ್ತರ ಉಗಾಂಡದ ಯುಂಬೆ ಜಿಲ್ಲೆಗೆ ಹೋಗ್ಲಿಕ್ಕುಂಟು. ದಕ್ಷಿಣ ಸುಡಾನಿನ ನಿರಾಶ್ರಿತರು ಇರುವ ಬಿಡಿಬಿಡಿ ಶಿಬಿರದ ಹತ್ತಿರ, ಎರಡು ವರ್ಷ. ಮಗಳಿಗೆ ಐದು ತಿಂಗಳು, ಎದೆಹಾಲು ಮಾತ್ರ, ತೂಕ 6.2 ಕೆಜಿ. ಟಿಕೆಟಿಗೆ ಇನ್ನು 24 ದಿನ. ಈ ಗುರುವಾರ ಹಳದಿ ಜ್ವರದ ಇಂಜೆಕ್ಷನ್ ಮೂವರಿಗೂ ಒಟ್ಟಿಗೆ ಹಾಕಿಸಬಹುದಾ? ಮಲೇರಿಯಾಕ್ಕೆ ಯಾವ ಮಾತ್ರೆ?

ಡಾಕ್ಟರ್: ಗುರುವಾರ ನೀವೊಬ್ಬರೇ ಹೋಗಿ ಹಾಕಿಸ್ಕೊಳ್ಳಿ. ಹೆಂಡತಿ, ಮಗು ಬೇಡ. ಯಾಕೆ ಅಂತ ಬರೆಯುವ ಮೊದಲು ಇಷ್ಟು ಹೇಳಿ: ನಿಮ್ಮ ಮನೆಯವರು ಈಗ ಯಾವುದಾದರೂ ಮಾತ್ರೆ ತಗೊಳ್ತಿದ್ದಾರಾ? ನಿದ್ದೆ, ಮನಸ್ಸು, ಫಿಟ್ಸ್, ಹೃದಯ, ಯಾವುದಕ್ಕಾದರೂ ಸರಿ. ಮುಟ್ಟು ಮತ್ತೆ ಶುರುವಾಗಿದೆಯಾ? ಮೊಟ್ಟೆ ತಿಂದ್ರೆ ಉಸಿರು ಕಟ್ಟಿದ್ದು ಉಂಟಾ?

ರಾಯಚೂರು: ಸರ್, ಹಳದಿ ಜ್ವರದ ಇಂಜೆಕ್ಷನ್ ಎಷ್ಟು ದಿನ ಮುಂಚೆ ಹಾಕಿಸಬೇಕು?

ಡಾಕ್ಟರ್: ಕನಿಷ್ಠ 10 ದಿನ ಮುಂಚೆ. ಲಸಿಕೆ ಹಾಕಿದ್ದಕ್ಕೆ ಕೊಡುವ ಕಾರ್ಡ್ ಹತ್ತನೇ ದಿನದಿಂದ ಊರ್ಜಿತ. ಒಂದೇ ಡೋಸ್, ಜೀವನಪೂರ್ತಿ ನಡೆಯುತ್ತೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸುವ ನಿಯಮ 2016ರ ಜುಲೈಯಲ್ಲೇ ಹೋಯ್ತು. ಪಾಸ್‌ಪೋರ್ಟ್ ಒರಿಜಿನಲ್ ತಗೊಂಡು ಹೋಗಿ, ಕಾರ್ಡಿನಲ್ಲಿ ಅದರ ನಂಬರ್ ಸರಿಯಾಗಿದೆಯಾ ಅಂತ ಅಲ್ಲೇ ನಿಂತು ನೋಡಿ.

ಉಡುಪಿ ಆಂಟಿ: ಮಲೇರಿಯಾಕ್ಕೆ ಇಷ್ಟು ಹೆದರುವುದು ಯಾಕೆ ಮಾರಾಯ್ರೇ? ಮಂಗಳೂರಿನವರು ಮಲೇರಿಯಾ ನೋಡಿಯೇ ದೊಡ್ಡವರಾದದ್ದು. ವಾರಕ್ಕೆ ಎರಡು ಕ್ಲೋರೋಕ್ವಿನ್ ತಗೊಂಡ್ರೆ ಸಾಕು. ಕೆಳಗಿನದ್ದೂ ಓದಿ: «ಪಪಾಯಿ ಎಲೆ ರಸ 30 ಮಿಲಿ + ನೆಲಬೇವು ಕಷಾಯ, 21 ದಿನ, ಆಫ್ರಿಕಾದ ಸೊಳ್ಳೆಯೂ ಹತ್ತಿರ ಬರುವುದಿಲ್ಲ. ಎಲ್ಲರಿಗೂ ಕಳಿಸಿ.»

ಡಾಕ್ಟರ್: ಆಂಟಿ, ನಮ್ಮ ಮಂಗಳೂರಿನದ್ದು ಹೆಚ್ಚಿನಂಶ ವೈವಾಕ್ಸ್ ಅನ್ನುವ ಜಾತಿಯ ಮಲೇರಿಯಾ. ನಡುಗಿಸುತ್ತೆ, ಸುಸ್ತು ಮಾಡುತ್ತೆ, ಸಾಮಾನ್ಯಕ್ಕೆ ಕೊಲ್ಲುವುದಿಲ್ಲ. ಕ್ಲೋರೋಕ್ವಿನ್‌ಗೆ ಬಗ್ಗುತ್ತೆ. ಉಗಾಂಡದ್ದು ಫಾಲ್ಸಿಪ್ಯಾರಮ್, ಕ್ಲೋರೋಕ್ವಿನ್ ಅದಕ್ಕೆ ನಾಟುವುದಿಲ್ಲ. ಸರಿಯಾದ ಔಷಧ ಬೀಳದಿದ್ರೆ ಎರಡು ಮೂರು ದಿನದಲ್ಲಿ ಮೆದುಳಿಗೆ ಏರುತ್ತೆ. ಸಣ್ಣ ಮಕ್ಕಳಲ್ಲಿ ಅಷ್ಟು ಹೊತ್ತೂ ಬೇಡ. ಇಲ್ಲಿ ಮಲೇರಿಯಾ ಬಂದು ಹೋಗಿದೆ ಅನ್ನೋದು ಅಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಪಪಾಯಿ ಎಲೆ ಯಾವ ಮಲೇರಿಯಾವನ್ನೂ ತಡೆಯುವುದಿಲ್ಲ. ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಮಂಗಳೂರು ದಂಪತಿ (ಹೆಂಡತಿ): ಡಾಕ್ಟ್ರೇ, ನಾನೇ ಬರೆಯುತ್ತಿದ್ದೇನೆ. ಹೆರಿಗೆ ಆಗಿ ಮೂರನೇ ವಾರದಿಂದ ಎಸ್ಸಿಟಾಲೋಪ್ರಾಮ್ 10 ಮಿಗ್ರಾಂ ದಿನಕ್ಕೊಂದು. ಗಾಬರಿ, ನಿದ್ದೆ ಇಲ್ಲದ್ದಕ್ಕೆ. ಈಗ ಬಹಳ ವಾಸಿ. ಕಳಿಸುವ ಸಂಸ್ಥೆಯ ಮೆಡಿಕಲ್ ಫಾರಂನಲ್ಲಿ ಇದನ್ನು ಬರೆದಿಲ್ಲ. ಹೋಗುವ ಮೊದಲು ನಿಲ್ಲಿಸುವ ಅಂತ ಇದ್ದೇವೆ. ಮುಟ್ಟು ಆಗಿಲ್ಲ. ಮೊಟ್ಟೆ ತೊಂದರೆ ಇಲ್ಲ.

ಡಾಕ್ಟರ್: ಬರೆದದ್ದು ಒಳ್ಳೇದಾಯ್ತಮ್ಮ. ಉದ್ದ ಆಗುತ್ತೆ, ಇಬ್ಬರೂ ಕೂತು ಓದಿ.

ಮಾತ್ರೆಯನ್ನು ಟಿಕೆಟ್ ನೋಡಿ ನಿಲ್ಲಿಸಬೇಡಿ. ಹೊಸ ದೇಶ, ಕೈಗೂಸು, ತವರಿನವರು ಯಾರೂ ಇಲ್ಲ, ಅಂಥ ಹೊತ್ತಲ್ಲಿ ನಿಲ್ಲಿಸಿದ್ರೆ ಕಾಯಿಲೆ ಮರುಕಳಿಸುವ ಸಂಭವ ಜಾಸ್ತಿ. ನಿಲ್ಲಿಸುವುದಿದ್ರೆ ಬರೆದುಕೊಟ್ಟ ಡಾಕ್ಟರೇ ಹಂತಹಂತವಾಗಿ ಇಳಿಸಬೇಕು.

ಈಗ ಹಳದಿ ಜ್ವರದ ಲಸಿಕೆ. ಅದರಲ್ಲಿರೋದು ದುರ್ಬಲ ಮಾಡಿದ ಜೀವಂತ ವೈರಸ್. ಲಸಿಕೆ ಹಾಕಿಸಿಕೊಂಡ ತಾಯಿಯ ಹಾಲಿನಿಂದ ಎಳೆಗೂಸಿಗೆ ಆ ವೈರಸ್ ದಾಟಿ ಮಿದುಳಿನ ಉರಿಯೂತ ಆದದ್ದು ವಿರಳ, ಆದರೆ ದಾಖಲಾಗಿದೆ. ಅದಕ್ಕೇ ಒಂಬತ್ತು ತಿಂಗಳೊಳಗಿನ ಮಗುವಿಗೆ ಹಾಲೂಡಿಸುವ ತಾಯಿಗೆ, ಪ್ರಯಾಣ ಮುಂದೆ ಹಾಕೋದು ಸಾಧ್ಯ ಇದ್ದಾಗ, ಈ ಲಸಿಕೆ ಹಾಕುವುದಿಲ್ಲ. ಮಗುವಿಗೆ ಆರು ತಿಂಗಳೊಳಗೆ ಹಾಕಲೇಬಾರದು, ಮಾಮೂಲಿಗೆ ಹಾಕುವುದು ಒಂಬತ್ತು ತುಂಬಿದ ಮೇಲೆ. ಜೊತೆಗೆ, ಮುಟ್ಟು ಆಗದೆಯೂ ಗರ್ಭ ನಿಲ್ಲಬಹುದು. ಲಸಿಕೆಯ ದಿನ ಮೊದಲು ಮೂತ್ರ ಪರೀಕ್ಷೆ.

ಉಗಾಂಡ ಕಾರ್ಡ್ ಕೇಳುವುದು ಒಂದು ವರ್ಷ ತುಂಬಿದವರಿಗೆ. ಹಾಗಾಗಿ ಮಗುವನ್ನು ಒಳಗೆ ಬಿಡ್ತಾರೆ, ತಾಯಿಯನ್ನು ತಡೀತಾರೆ. ವೈದ್ಯಕೀಯ ವಿನಾಯಿತಿ ಪತ್ರ ಅಂತ ಒಂದಿದೆ, ಆದರೆ ಪತ್ರ ನೋಡಿ ಸೊಳ್ಳೆ ಸುಮ್ಮನಿರುವುದಿಲ್ಲ. ವಾಪಸ್ ಬರುವಾಗ ಇನ್ನೊಂದು ಗಂಟು: ಒಂಬತ್ತು ತಿಂಗಳು ದಾಟಿದ ಯಾರೇ ಆಗಲಿ, ಹಳದಿ ಜ್ವರದ ದೇಶದಿಂದ ಕಾರ್ಡಿಲ್ಲದೆ ಇಳಿದ್ರೆ ಭಾರತದಲ್ಲಿ ಆರು ದಿನದವರೆಗೆ ಕ್ವಾರಂಟೈನ್.

ಮಲೇರಿಯಾ ಮಾತ್ರೆ ಇನ್ನೂ ತೊಡಕು. ಮೆಫ್ಲೋಕ್ವಿನ್ ವಾರಕ್ಕೊಂದೇ, ಹಾಲೂಡಿಸುವವರಿಗೂ ನಡೆಯುತ್ತೆ, ಆದರೆ ಖಿನ್ನತೆ, ಗಾಬರಿ ಕಾಯಿಲೆ ಇದ್ದವರಿಗೆ ಕೂಡದು. ಕೆಟ್ಟ ಕನಸು, ಭ್ರಮೆ, ಆತ್ಮಹತ್ಯೆಯ ಯೋಚನೆ ತನಕ ಹೋಗಬಹುದು. ನೀವು ಮಾತ್ರೆಯ ವಿಷಯ ಮುಚ್ಚಿಟ್ಟಿದ್ರೆ ಯಾರೋ ಇದನ್ನೇ ಬರೆದುಕೊಡ್ತಿದ್ದರು. ಡಾಕ್ಸಿಸೈಕ್ಲಿನ್ ಅನ್ನು ಹಾಲೂಡಿಸುವವರಿಗೆ ತಿಂಗಳುಗಟ್ಟಲೆ ನಾನು ಬರೆಯುವುದಿಲ್ಲ. ಉಳಿಯುವುದು ಅಟೊವಾಕ್ವೋನ್-ಪ್ರೊಗ್ವಾನಿಲ್: ದಿನಾ ಒಂದು, ಊಟ ಅಥವಾ ಹಾಲಿನ ಜೊತೆ, ಹೊರಡುವ ಒಂದೆರಡು ದಿನ ಮುಂಚೆ ಶುರು, ವಾಪಸ್ ಬಂದು 7 ದಿನ. ಮಗು 5 ಕೆಜಿ ದಾಟಿರುವುದರಿಂದ ಹಾಲೂಡಿಸುತ್ತಾ ತಗೊಳ್ಳಬಹುದು. ತುಟ್ಟಿ. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾಲಲ್ಲ, ಈಗಿಂದಲೇ ಹುಡುಕಿ.

ಅಮ್ಮ ನುಂಗಿದ ಮಾತ್ರೆ ಹಾಲಿನಲ್ಲಿ ಮಗುವನ್ನು ಕಾಯುವುದಿಲ್ಲ. ಮಗುವಿಗೆ ಅದರದ್ದೇ ಡೋಸ್ ಬೇಕು. ಮೆಫ್ಲೋಕ್ವಿನ್ ಆದ್ರೆ 9 ಕೆಜಿ ತನಕ ಕೆಜಿಗೆ 5 ಮಿಗ್ರಾಂ, ವಾರಕ್ಕೊಮ್ಮೆ. 6.2 ಕೆಜಿಗೆ 31 ಮಿಗ್ರಾಂ, ಅಂದ್ರೆ 250ರ ಮಾತ್ರೆಯ ಎಂಟನೇ ಒಂದು ಪಾಲು. ಮನೆಯಲ್ಲಿ ಬ್ಲೇಡಿನಿಂದ ಕೊಯ್ದ್ರೆ ಒಂದು ಚೂರು 20 ಇರುತ್ತೆ, ಇನ್ನೊಂದು 45. ಔಷಧ ಅರೆದು ತೂಗಿ ಪೊಟ್ಟಣ ಕಟ್ಟಿಕೊಡುವ ಫಾರ್ಮಸಿಸ್ಟ್ ಹತ್ತಿರ ಮಾಡಿಸಿ. ವಿಪರೀತ ಕಹಿ, ಮಗು ಉಗುಳುತ್ತೆ. ಹಿಂಡಿದ ಎದೆಹಾಲು ಒಂದು ಚಮಚದಲ್ಲಿ ಕಲಸಿ ಕೆನ್ನೆಯ ಒಳಬದಿಗೆ ಬಿಡಿ. ಹೊರಡುವ ಎರಡು ವಾರ ಮುಂಚೆಯೇ ಶುರು, ಒಗ್ಗದಿದ್ರೆ ಇಲ್ಲೇ ಗೊತ್ತಾಗಲಿ.

ಇನ್ನೊಂದು. ಅಲ್ಲಿ ಜ್ವರ ಬಂದ್ರೆ ಕೊಡುವುದು ಆರ್ಟೆಮೆಥರ್-ಲ್ಯುಮೆಫ್ಯಾಂಟ್ರಿನ್. ಅದೂ ಎಸ್ಸಿಟಾಲೋಪ್ರಾಮೂ ಎರಡೂ ಹೃದಯದ ಕ್ಯೂಟಿ ಅವಧಿ (ಇಸಿಜಿಯಲ್ಲಿ ಅಳೆಯುವ ಒಂದು ಸಮಯ, ತೀರಾ ಉದ್ದ ಆದ್ರೆ ಬಡಿತ ತಪ್ಪಬಹುದು) ಉದ್ದ ಮಾಡುವ ಜಾತಿ. ಹೊರಡುವ ಮೊದಲು ಒಂದು ಇಸಿಜಿ ಮಾಡಿಸಿ, ಪ್ರತಿ ಕೈಯಲ್ಲಿರಲಿ, ಮಾತ್ರೆಯ ಹೆಸರು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ.

ನನ್ನ ಸಲಹೆ: ಮಗುವಿಗೆ ಒಂಬತ್ತು ತುಂಬಲಿ. ತಾಯಿ ಮಗು ಇಬ್ಬರಿಗೂ ಆಗ ಲಸಿಕೆ. ಅದೇ ವಯಸ್ಸಿಗೆ ದಡಾರ-ರುಬೆಲ್ಲಾ ಲಸಿಕೆಯೂ ಬರುತ್ತೆ, ಅದೂ ಜೀವಂತ ಲಸಿಕೆ. ಎರಡನ್ನೂ ಒಂದೇ ದಿನ ಹಾಕಬೇಕು, ಇಲ್ಲ ನಾಲ್ಕು ವಾರ ಬಿಡಬೇಕು. ನಾಲ್ಕು ವಾರ ಬಿಡುವುದು ಮೇಲು. ಗಂಡ ಬೇಕಿದ್ರೆ ಮೊದಲು ಹೋಗಿ ಮನೆ, ಸೊಳ್ಳೆ ಜಾಲರಿ, ನೀರು ನೋಡಿಕೊಳ್ಳಲಿ.

ತುಮಕೂರು ಬ್ರದರ್: ನಂಬಿಕೆ ಇದ್ದವರಿಗೆ ಇಷ್ಟೆಲ್ಲಾ ಲೆಕ್ಕಾಚಾರ ಯಾಕೆ? ದೇವರು ವ್ಯಾಧಿಯಿಂದ ಕಾಯುತ್ತಾನೆ ಅನ್ನುವ 91ನೇ ಕೀರ್ತನೆ ಓದಿ. ಕರ್ತನು ಕರೆದ ಮೇಲೆ ನಾಲ್ಕು ತಿಂಗಳು ಕಾಯೋದು ಅವಿಶ್ವಾಸ.

ಬಳ್ಳಾರಿ ಸಿಸ್ಟರ್ (ನರ್ಸ್): ಬ್ರದರ್, ಪೌಲ ತ್ರೊಫಿಮನನ್ನ ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋದ. ತಿಮೊಥೆಯನ ಹೊಟ್ಟೆಗೆ ಸ್ವಲ್ಪ ದ್ರಾಕ್ಷಾರಸ ಹೇಳಿದ. ಅವರಿಗೆ ನಂಬಿಕೆ ಕಮ್ಮಿ ಇತ್ತಾ? ಬಾಸೆಲ್ ಮಿಷನ್ 1834ರಲ್ಲಿ ನಮ್ಮ ಕಡೆ ಬರುವ ಮುಂಚೆ, 1828ರಲ್ಲಿ ಗೋಲ್ಡ್ ಕೋಸ್ಟಿಗೆ (ಈಗಿನ ಘಾನಾ) ನಾಲ್ವರನ್ನ ಕಳಿಸಿತ್ತು. ಒಂದು ವರ್ಷದೊಳಗೆ ಮೂವರು ತೀರಿಕೊಂಡರು. ಅವರೂ ಕೀರ್ತನೆ ಓದಿದವರೇ.

ತುಮಕೂರು ಬ್ರದರ್: ಸತ್ತವರ ಲೆಕ್ಕ ಹೇಳಿ ಹೆದರಿಸಬೇಡಿ.

ಬಳ್ಳಾರಿ ಸಿಸ್ಟರ್: ನೀವು ಐದು ತಿಂಗಳ ಮಗುವಿನ ಮೇಲೆ ನಿಮ್ಮ ನಂಬಿಕೆ ಪರೀಕ್ಷೆ ಮಾಡಬೇಡಿ.

ಹಾಸನ: ಉಗಾಂಡದ ವರ್ಕ್ ಪರ್ಮಿಟ್‌ಗೆ ಪೊಲೀಸ್ ಕ್ಲಿಯರೆನ್ಸ್ ಎಷ್ಟು ತಿಂಗಳೊಳಗಿನದ್ದು ಇರಬೇಕು? ಯಾರಾದರೂ ಹೇಳಿ.

ರಾಯಚೂರು 2: ಹಳದಿ ಜ್ವರದ ಸೂಜಿ ಎಷ್ಟು ದಿನ ಮೊದಲು ಸರ್?

ಡಾಕ್ಟರ್: 10. ಮೇಲೆ ಇದೆ.

ಬೀದರ್: ನಮ್ಮ ಟ್ರಾವೆಲ್ ಏಜೆಂಟ್ ಸೂಜಿ ಇಲ್ದೇನೇ ಕಾರ್ಡ್ ಮಾಡ್ಕೊಡ್ತೀನಿ ಅಂತಾನೆ. ಈ ಸಿಸ್ಟರ್‌ಗೆ ಅದು ಅನುಕೂಲ ಅಲ್ವಾ?

ಡಾಕ್ಟರ್: ಅಲ್ಲ. ಅದು ನಕಲಿ ದಾಖಲೆ. ಸಿಕ್ಕಿಬಿದ್ರೆ ತಲೆನೋವು, ಸಿಕ್ಕಿಬೀಳದಿದ್ರೆ ಹಳದಿ ಜ್ವರ ಬಂದಾಗ «ಲಸಿಕೆ ಆಗಿದೆ» ಅಂತ ಕಾರ್ಡೇ ಡಾಕ್ಟರಿಗೆ ಸುಳ್ಳು ಹೇಳುತ್ತೆ. ಆ ರೋಗಕ್ಕೆ ಔಷಧ ಇಲ್ಲ. ಇಂಥದ್ದನ್ನ ಇಲ್ಲಿ ಹಾಕಬೇಡಿ.

ಹುಬ್ಬಳ್ಳಿ ಪಾಸ್ಟರ್: ಡಾಕ್ಟ್ರ, ಅಲ್ಲಿ ದೀಕ್ಷಾಸ್ನಾನ ನೈಲ್ ನದ್ಯಾಗ ಕೊಡತಾರಂತ್ರಿ. ಸೊಂಟದ ಮಟ ನೀರಾಗ ತಾಸುಗಟ್ಟಲೆ ನಿಂದರಬೇಕು. ಮೊಸಳಿ ಬಿಟ್ರ ಮತ್ತೇನರ ಕಾಳಜಿ ಐತೇನ್ರಿ?

ಡಾಕ್ಟರ್: ಒಳ್ಳೆ ಪ್ರಶ್ನೆ ಪಾಸ್ಟರ್, ಇದನ್ನ ಯಾರೂ ಕೇಳುವುದಿಲ್ಲ. ಅಲ್ಬರ್ಟ್ ನೈಲ್, ಆಲ್ಬರ್ಟ್ ಸರೋವರ, ವಿಕ್ಟೋರಿಯಾ ಸರೋವರ, ಎಲ್ಲ ಕಡೆ ಬಿಲ್‌ಹಾರ್ಜಿಯಾ ಅನ್ನುವ ಹುಳದ ರೋಗ ಇದೆ. ದಡದ ಬಸವನಹುಳುವಿನಿಂದ ಹೊರಬಿದ್ದ ಮರಿಹುಳ ಗಟ್ಟಿ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತೆ, ಗಾಯ ಬೇಕಿಲ್ಲ. ಜೊಂಡು ಬೆಳೆದ ನಿಂತ ನೀರಿನ ಅಂಚು, ಹಗಲು ಹೊತ್ತು, ಅಂದ್ರೆ ನೀವು ನಿಲ್ಲುವ ಜಾಗ, ನಿಲ್ಲುವ ಹೊತ್ತೇ. ವರ್ಷಗಳ ಮೇಲೆ ಯಕೃತ್ತಿಗೆ ಪೆಟ್ಟು.

ದಾರಿ ಇದೆ. ಆ ಮರಿಹುಳ ನೀರಿನಲ್ಲಿ 48 ಗಂಟೆಗಿಂತ ಹೆಚ್ಚು ಬದುಕುವುದಿಲ್ಲ. ಸಿಮೆಂಟ್ ತೊಟ್ಟಿ ಕಟ್ಟಿಸಿ, ನೀರನ್ನ ಬಟ್ಟೆಯಲ್ಲಿ ಸೋಸಿ ತುಂಬಿ, ಹುಳು ಸೇರದ ಹಾಗೆ ಮುಚ್ಚಿ, ಗುರುವಾರ ತುಂಬಿದ್ದನ್ನ ಭಾನುವಾರ ಬಳಸಿ. ನದಿಗೆ ಇಳಿದದ್ದಾಗಿದ್ರೆ ಮೈ ಒರೆಸಿಕೊಂಡ ಮಾತ್ರಕ್ಕೆ ಭರವಸೆ ಇಲ್ಲ. ಪ್ರಾಜಿಕ್ವಾಂಟೆಲ್ ಕೆಜಿಗೆ 40 ಮಿಗ್ರಾಂ, ಆದರೆ ಇಳಿದ ಮರುದಿನ ಅಲ್ಲ, 6ರಿಂದ 8 ವಾರ ಬಿಟ್ಟು. ಬಲಿತ ಹುಳಕ್ಕೆ ಮಾತ್ರ ಅದು ತಾಗುತ್ತೆ.

ಕೋಲಾರ: ತೊಟ್ಟಿಯಲ್ಲಿ ಮುಳುಗಿಸಿದರೆ ಅದು ದೀಕ್ಷಾಸ್ನಾನವೇ ಅಲ್ಲ. ಕರ್ತನು ಇಳಿದಿದ್ದು ಯೊರ್ದನ್ ಹೊಳೆಗೆ, ಹರಿಯುವ ನೀರಿಗೆ.

ಮಡಿಕೇರಿ: ಹಾಗಾದ್ರೆ ತಲೆಗೆ ನೀರು ಹಾಕುವ ನಾವೆಲ್ಲ ಏನು?

ಕೋಲಾರ: ಅದನ್ನ ನೀವೇ ವಚನದಲ್ಲಿ ಹುಡುಕಿಕೊಳ್ಳಿ.

ಹುಬ್ಬಳ್ಳಿ ಪಾಸ್ಟರ್: ಇಥಿಯೋಪ್ಯದ ಕಂಚುಕಿ ದಾರ್ಯಾಗ ಸಿಕ್ಕ ನೀರಾಗ ಇಳದಾನ, ಹೊಳಿ ಹುಡುಕ್ಕೋಂತ ಹೋಗಲಿಲ್ರಿ. ನಾ ಕೇಳಿದ್ದು ಹುಳದ ಬಗ್ಗೆ.

ಕೋಲಾರ: ಪಾಸ್ಟರ್ ಆಗಿ ಡಾಕ್ಟರ ಹತ್ತಿರ ಉಪದೇಶ ಕೇಳ್ತಿದ್ದೀರಲ್ಲ, ಅದೇ ಬೇಜಾರು.

ಅಡ್ಮಿನ್: ದೀಕ್ಷಾಸ್ನಾನದ ಚರ್ಚೆ ಬೇರೆ ಕಡೆ. ಮುಂದಿನ ಮೆಸೇಜ್ ಡಿಲೀಟ್ ಮಾಡ್ತೀನಿ.

ಬಳ್ಳಾರಿ ಸಿಸ್ಟರ್: ಮಗು ಇರೋರಿಗೆ ಒಂದು ಮಾತು. ಹೊರಗೆ ಒಣಹಾಕಿದ ಲಂಗೋಟಿ, ದುಪ್ಪಟಿಗೆ ಟುಂಬು ನೊಣ ಮೊಟ್ಟೆ ಇಡುತ್ತೆ. ಹುಳು ಚರ್ಮದೊಳಗೆ ಹೋಗಿ ಕುರುವಿನ ಹಾಗೆ ಊದುತ್ತೆ. ಹೊಲಿಗೆ, ಇಲಾಸ್ಟಿಕ್ ಜಾಗವೂ ಬಿಸಿ ಆಗೋ ಹಾಗೆ ಎರಡೂ ಕಡೆ ಇಸ್ತ್ರಿ ಮಾಡಿ. ಕರೆಂಟ್ ನಂಬಬೇಡಿ, ಇದ್ದಿಲ ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳಿ.

ಡಾಕ್ಟರ್: ಸರಿ ಹೇಳಿದ್ರಿ.

ಮಂಗಳೂರು ದಂಪತಿ (ಗಂಡ): ನನ್ನ ಮಾತ್ರೆ ಯಾವುದು ಡಾಕ್ಟ್ರೇ? ಬೇರೆ ಇಂಜೆಕ್ಷನ್?

ಡಾಕ್ಟರ್: ನಿಮಗೆ ಡಾಕ್ಸಿಸೈಕ್ಲಿನ್ 100, ದಿನಾ ಊಟದ ಮೇಲೆ, ಒಂದು ಲೋಟ ತುಂಬ ನೀರಿನಲ್ಲಿ. ಅರ್ಧ ಗಂಟೆ ಮಲಗಬೇಡಿ, ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತೆ. ಬಿಸಿಲಿಗೆ ಚರ್ಮ ಸುಡುತ್ತೆ, ಟೋಪಿ, ತುಂಬುತೋಳು. ಹೊರಡುವ ಎರಡು ದಿನ ಮುಂಚೆ ಶುರು, ಬಂದು 28 ದಿನ. ಎರಡು ವರ್ಷಕ್ಕೆ 760 ಮಾತ್ರೆ, ಒಟ್ಟಿಗೆ ಕೊಂಡ್ರೆ ಕೊನೆಯವು ಅವಧಿ ಮೀರುತ್ತೆ, ಎರಡು ಕಂತಿನಲ್ಲಿ ತಗೊಳ್ಳಿ. ಟೈಫಾಯ್ಡ್ ಕಾಂಜುಗೇಟ್ ಒಂದು. ಮೆನಿಂಜೈಟಿಸ್ ಎಸಿಡಬ್ಲ್ಯುವೈ ಒಂದು, ಉತ್ತರ ಉಗಾಂಡ ಆ ರೋಗದ ವಲಯದಲ್ಲೇ ಬರುತ್ತೆ. ನಾಯಿ ಕಚ್ಚುವ ಮುಂಚಿನ ರೇಬೀಸ್ ಲಸಿಕೆ, 0 ಮತ್ತು 7ನೇ ದಿನ. ಅದಾಗಿದ್ರೆ ಕಚ್ಚಿದ ಮೇಲೆ 0, 3ನೇ ದಿನ ಎರಡೇ ಡೋಸ್, ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಡ. ಯುಂಬೆಯಲ್ಲಿ ಅದನ್ನ ಹುಡುಕುತ್ತಾ ಓಡುವ ಸ್ಥಿತಿ ಬರಬಾರದು.

ಮಾತ್ರೆ ತಗೊಂಡರೂ ಜ್ವರ ಬಂದ್ರೆ ಅದೇ ದಿನ ರಕ್ತ ಪರೀಕ್ಷೆ. ಮಲೇರಿಯಾ ಪರೀಕ್ಷೆ ಕಿಟ್ಟಿನ ಪೊಟ್ಟಣ ಪರೀಕ್ಷೆಯ ಹೊತ್ತಿಗೇ ಒಡೆಯಿರಿ, ತೇವ ಹೀರಿದ್ರೆ ಸುಳ್ಳು ಹೇಳುತ್ತೆ. ನೆಗೆಟಿವ್ ಬಂದು ಜ್ವರ ಇಳಿಯದಿದ್ರೆ ಮರುದಿನ ಮತ್ತೆ.

ಉಡುಪಿ ಆಂಟಿ: «ಆರ್ಟೆಮಿಸಿಯಾ ಎಲೆ ಚಹಾ ದಿನಕ್ಕೆ ಮೂರು ಸಲ. ಔಷಧ ಕಂಪನಿಗಳು ಮುಚ್ಚಿಟ್ಟ ಗುಟ್ಟು.» ಇದಾದರೂ ಆಗಬಹುದಲ್ಲ ಡಾಕ್ಟ್ರೇ? ಇದರಿಂದಲೇ ಅಲ್ಲವಾ ಮಲೇರಿಯಾ ಔಷಧ ಮಾಡುವುದು?

ಡಾಕ್ಟರ್: ಹೌದು, ಅದೇ ಗಿಡ. ಚಹಾದಲ್ಲಿ ಔಷಧದ ಅಂಶ ಒಂದು ಲೋಟದ ಹಾಗೆ ಇನ್ನೊಂದರಲ್ಲಿ ಇರುವುದಿಲ್ಲ, ರೋಗ ಸಾಯುವಷ್ಟೂ ಇರುವುದಿಲ್ಲ. ಅರೆಬರೆ ಔಷಧ ಕಂಡ ಪರಾವಲಂಬಿ ನಾಳೆ ನಿಜವಾದ ಮಾತ್ರೆಗೂ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಬೇಡ ಅಂದಿದೆ. ಇನ್ನು ನಿಮ್ಮ ಫಾರ್ವರ್ಡಿಗೆ ನಾನು ಉತ್ತರ ಕೊಡುವುದಿಲ್ಲ ಆಂಟಿ.

ಉಡುಪಿ ಆಂಟಿ: ಒಳ್ಳೇದಕ್ಕೆ ಹೇಳಿದ್ರೆ ಹೀಗೆ. ಆಯ್ತು.

ಹಾಸನ: ಪೊಲೀಸ್ ಕ್ಲಿಯರೆನ್ಸ್ ಬಗ್ಗೆ ಯಾರಿಗೂ ಗೊತ್ತಿಲ್ವಾ?

ಗದಗ: ಹಳದಿ ಜ್ವರದ ಲಸಿಕೆ ಹೋಗೂದ್ರಾಗ ಎಷ್ಟು ದಿವಸ ಮೊದ್ಲ ಹಾಕಿಸ್ಬೇಕ್ರಿ?

ಡಾಕ್ಟರ್: 10.

ಮಂಗಳೂರು ದಂಪತಿ: ಸಂಸ್ಥೆಗೆ ಫೋನ್ ಮಾಡಿದೆವು. ಟಿಕೆಟ್ ಬದಲಾಯಿಸಲು ಆಗುವುದಿಲ್ಲ, ಬೇರೆ ಕುಟುಂಬಗಳು ಮಗು ಕರ್ಕೊಂಡು ಹೋಗಿಲ್ವಾ ಅಂತ ಕೇಳಿದರು. ಮಾತ್ರೆಯ ವಿಷಯ ಹೇಳಲಿಲ್ಲ.

ಡಾಕ್ಟರ್: ಹೇಳಿ. ಫಾರಂ ತಿದ್ದಿ ಮತ್ತೆ ಕೊಡಿ. ಮುಚ್ಚಿಟ್ಟದ್ದು ಗೊತ್ತಾದ್ರೆ ವಿಮೆಯವರು ಕೈ ಎತ್ತುತ್ತಾರೆ, ಅಲ್ಲಿಂದ ವಿಮಾನದಲ್ಲಿ ಸಾಗಿಸುವ ಖರ್ಚು ನಿಮ್ಮ ಮೇಲೆ ಬೀಳುತ್ತೆ. ತಾಯಿಗೆ ಈಗ ಲಸಿಕೆ ಯಾಕೆ ಕೂಡದು, ಮಗುವಿಗೆ ಯಾಕೆ ಆಗದು, ಎರಡನ್ನೂ ಬರೆದು ಲೆಟರ್‌ಹೆಡ್‌ನಲ್ಲಿ ಕೊಡ್ತೇನೆ, ನಾಳೆ ನನಗೆ ನೇರ ಮೆಸೇಜ್ ಮಾಡಿ. ಟಿಕೆಟ್ ಯಾವ ತಾರೀಕಿಗೆ ಆದರೂ, ಮಲೇರಿಯಾ ಔಷಧದ ಮೊದಲ ಪೊಟ್ಟಣ ಕಟ್ಟಿಸುವ ವಾರ ಮಗುವನ್ನ ಬಟ್ಟೆ ಬಿಚ್ಚಿ ಮತ್ತೆ ತೂಗಿಸಿ. 6.2 ಆಗ ಹಳೇ ಲೆಕ್ಕ.