ಒಂಬತ್ತನೇ ಕ್ಲಾಸಿನ ಮಗಳಿಗೆ ಗುಂಡು ಎಸೆತವೋ, ಡಿಸ್ಕಸ್ಸೋ?

ಬಸವನಗುಡಿ_ಅಮ್ಮ:
ಮಗಳು ಒಂಬತ್ತನೇ ಕ್ಲಾಸು. ಎತ್ತರ ಇದ್ದಾಳೆ, ಕೈನೂ ಉದ್ದ. ವಲಯ ಮಟ್ಟದ ಕೂಟಕ್ಕೆ ಗುಂಡು ಎಸೆತಕ್ಕೋ ಡಿಸ್ಕಸ್ಸಿಗೋ ಹೆಸರು ಕೊಡೋಣ ಅಂತಿದ್ದಾರೆ ಪಿ.ಟಿ. ಮೇಷ್ಟ್ರು. ಇವಳಿಗೆ ಮಾತ್ರ ಕಂಠೀರವದಲ್ಲಿ 2025ರ ಜುಲೈಯಲ್ಲಿ ನೀರಜ್ ಚೋಪ್ರಾ 86.18 ಮೀಟರ್ ಎಸೆದದ್ದು ನೋಡಿದಾಗಿನಿಂದ ಜಾವೆಲಿನ್ನೇ ಬೇಕಂತೆ. ಎರಡೂವರೆ ತಿಂಗಳಿದೆ. ಶಾಲೇಲಿ ಒಳಗೆ ನಿಂತು ಎಸೆಯೋ ಸರ್ಕಲ್ ಇಲ್ಲ, ಬರೀ ಮಣ್ಣಿನ ಮೈದಾನ. ಮೊಣಕೈ ನೋಯದ ಹಾಗೆ ಎಲ್ಲಿಂದ ಶುರು ಮಾಡಿಸಲಿ?

ಕಬ್ಬಿಣದ_ಗುಂಡು:
ಮೇಡಂ, ಗುಂಡಿನಿಂದಲೇ ಶುರು ಮಾಡಿಸಿ. ಜಾವೆಲಿನ್ ಈ ವರ್ಷ ಬೇಡ, ಭುಜ, ಬೆನ್ನು ಗಟ್ಟಿಯಾಗುವ ಮೊದಲು ಜೋರಾಗಿ ಎಸೆದರೆ ಮೊದಲು ಪೆಟ್ಟು ತಿನ್ನೋದೇ ಮೊಣಕೈಯ ಒಳಭಾಗ.

ಅಂತರರಾಷ್ಟ್ರೀಯ ನಿಯಮದಲ್ಲಿ 18ರೊಳಗಿನ ಹುಡುಗಿಯರಿಗೆ ಗುಂಡು 3 ಕೆಜಿ, ಡಿಸ್ಕಸ್ 1 ಕೆಜಿ. ಶಾಲಾ ಕೂಟಕ್ಕೆ ಆ ವರ್ಷದ ಸುತ್ತೋಲೆ ನೋಡಿಯೇ ಕೊಳ್ಳಿ.

ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳುಗಳ ಬುಡದಲ್ಲಿ ಕೂರಬೇಕು. ದವಡೆಯ ಕೆಳಗೆ ಕತ್ತಿಗೆ ಒತ್ತಿಕೊಂಡಿರಬೇಕು, ಮೊಣಕೈ ಎತ್ತಿರಬೇಕು. ಮೊಣಕೈ ಇಳಿಯಿತೋ, ಗುಂಡು ಕತ್ತು ಬಿಟ್ಟು ಹಿಂದೆ ಸರಿಯುತ್ತೆ, ಮಗು ಕ್ರಿಕೆಟ್ ಬಾಲ್ ಎಸೆದ ಹಾಗೆ ಬೀಸುತ್ತೆ. ಅದು ಫೌಲ್, ಮೊಣಕೈಗೂ ಅದೇ ಶತ್ರು. ಗುಂಡನ್ನು ಎಸೆಯೋದಲ್ಲ, ತಳ್ಳೋದು.

ಮೊದಲ ತಿಂಗಳು ನಿಂತಲ್ಲಿಂದಲೇ. ಬಲಗೈಯವರಾದರೆ ಭಾರವೆಲ್ಲ ಮಡಿಸಿದ ಬಲಗಾಲ ಮೇಲೆ. ಬಲ ಹಿಮ್ಮಡಿ ತಿರುಗಬೇಕು, ಆಮೇಲೆ ಸೊಂಟ, ಆಮೇಲೆ ಎದೆ, ಕೈ ಕಟ್ಟಕಡೆಗೆ. ಎಸೆದ ಮೇಲೆ ಬಲಗಾಲಿನ ಹೆಬ್ಬೆರಳು ಕೆಮ್ಮಣ್ಣಿನಲ್ಲಿ ಬಿಟ್ಟ ಗುರುತು ನೋಡಿ. ದುಂಡಗೆ ಕೊರೆದಿದ್ದರೆ ಕಾಲು ತಿರುಗಿದೆ. ಗುರುತೇ ಇಲ್ಲದಿದ್ದರೆ ಬರೀ ಕೈಯಲ್ಲಿ ತಳ್ಳಿದ್ದಾಳೆ, ಎಷ್ಟು ದೂರ ಹೋಗಿದ್ದರೂ ಲೆಕ್ಕಕ್ಕಿಲ್ಲ.

ವಾರಕ್ಕೆ ಮೂರು ದಿನ, ದಿನಕ್ಕೆ 25 ಎಸೆತ ಸಾಕು. ಮೊಣಕೈ ಇಳಿಯೋಕೆ ಶುರುವಾದ ಕೂಡಲೇ ಆ ದಿನದ್ದು ಮುಗೀತು.

ಸುಣ್ಣದ_ಗೆರೆ:
ಗುಂಡಿನ ಸರ್ಕಲ್ ನೀವೇ ಹಾಕ್ಕೊಳ್ಳಿ. ವ್ಯಾಸ 2.135 ಮೀಟರ್, ಅಂದರೆ ಗೂಟಕ್ಕೆ ಕಟ್ಟಿದ ಹಗ್ಗ 106.75 ಸೆಂ.ಮೀ. ಸುತ್ತ ಸುಣ್ಣದ ಪುಡಿ. ಸೆಕ್ಟರ್‌ಗೆ (ಗುಂಡು ಬೀಳಬೇಕಾದ ಜಾಗದ ಎರಡು ಗಡಿಗೆರೆಗಳಿಗೆ) ಕೋನಮಾಪಕ ಬೇಡ: ಸರ್ಕಲ್ ನಡುವಿನಿಂದ 10 ಮೀಟರ್ ದೂರದಲ್ಲಿ ಎರಡು ಗೆರೆಗಳ ನಡುವೆ 6 ಮೀಟರ್ ಅಂತರ ಇಟ್ಟರೆ 34.92 ಡಿಗ್ರಿ ತಾನಾಗೇ ಬರುತ್ತೆ. ಮುಂದೆ 10 ಸೆಂ.ಮೀ. ಎತ್ತರದ ಹಲಗೆ ಗಟ್ಟಿಯಾಗಿ ಹೂಡಿ. ಅದರ ಒಳಬದಿಗೆ ಕಾಲು ತಗುಲಿದರೆ ಪರವಾಗಿಲ್ಲ, ಮೇಲ್ಬದಿ ಮುಟ್ಟಿದರೆ ಫೌಲ್. ಎಸೆದ ಮೇಲೆ ಹಿಂದಿನ ಅರ್ಧದಿಂದಲೇ ಹೊರಗೆ ಬರೋದನ್ನ ಮೊದಲ ದಿನದಿಂದ ರೂಢಿ ಮಾಡಿಸಿ. ಒಳ್ಳೊಳ್ಳೆ ಎಸೆತಗಳು ಮುಂದಿನಿಂದ ಓಡಿಬಂದು ಹಾಳಾಗ್ತವೆ.

ಶೂ ಚಪ್ಪಟೆ ಅಡಿಯದ್ದಾಗಿರಲಿ. ದಪ್ಪ ಫೋಮಿನ ರನ್ನಿಂಗ್ ಶೂನಲ್ಲಿ ಕಾಲು ವಾಲುತ್ತೆ. ಮಳೆ ಬಂದ ದಿನ ಗುಂಡು ಒರೆಸೋಕೆ ಒಣ ಬಟ್ಟೆ ಇರಲಿ. ಇನ್ನೊಂದು, ದಯವಿಟ್ಟು ಮರೀಬೇಡಿ: ಎಲ್ಲರೂ ಎಸೆದು ಮುಗಿದ ಮೇಲೆಯೇ ಎತ್ತಿಕೊಳ್ಳೋಕೆ ಹೋಗಬೇಕು, ಕೈಯಲ್ಲಿ ಹಿಡಿದು ನಡೆದೇ ವಾಪಸ್ ತರಬೇಕು. ಅಲ್ಲಿಂದ ಇಲ್ಲಿಗೆ ಎಸೆಯಬಾರದು.

ತೋರುಬೆರಳು:
ಉದ್ದ ಕೈ ಅಂದಿರಲ್ಲ, ಅವಳ ಆಟ ಮುಂದೆ ಡಿಸ್ಕಸ್ಸೇ ಅನ್ಸುತ್ತೆ. ಗುಂಡಿನ ಅಭ್ಯಾಸದ ಜೊತೆ ದಿನಾ ಹತ್ತು ನಿಮಿಷ ಡಿಸ್ಕಸ್ ಉರುಳಿಸೋದು ಕಲಿಸಿ. ಬೆರಳುಗಳ ತುದಿ ಗೆಣ್ಣು ಅಂಚಿಗೆ ಸಿಕ್ಕಿಸಿ, ಬೌಲಿಂಗ್ ಹಾಗೆ ನೆಲದ ಮೇಲೆ ಬಿಡಬೇಕು, ಕೊನೆಗೆ ತೋರುಬೆರಳಿಂದ ಜಾರಬೇಕು. ನೆಟ್ಟಗೆ ನಿಂತು ಉರುಳಿದರೆ ಸರಿ, ತೂರಾಡಿ ಬಿದ್ದರೆ ಬಿಗಿಯಾಗಿ ಹಿಡಿದಿದ್ದಾಳೆ. ಬಿದ್ದುಹೋಗುತ್ತೆ ಅನ್ನೋ ಹೆದರಿಕೆಗೆ ಮಕ್ಕಳು ಹಾಗೆ ಹಿಡೀತಾರೆ. ತೋಳು ಬೀಸುವ ವೇಗವೇ ಅದನ್ನ ಬೆರಳಿಗೆ ಒತ್ತಿಹಿಡಿಯುತ್ತೆ. ಬಲೆಯಿಲ್ಲದ ಮೈದಾನದಲ್ಲಿ ಸುತ್ತು ತಿರುಗಿ ಎಸೆಯೋದು ಮಾತ್ರ ಬೇಡ.

ಬಸವನಗುಡಿ_ಅಮ್ಮ:
ಇವತ್ತೇ ಹಗ್ಗ ಅಳತೆ ಮಾಡಿ ಕತ್ತರಿಸಿದೆ. ನಿಂತಲ್ಲಿಂದ ಎಸೆಯೋದು ಕೂಟದಲ್ಲಿ ನಡೆಯುತ್ತಾ?

ಕಬ್ಬಿಣದ_ಗುಂಡು:
ನಡೆಯುತ್ತೆ ಮೇಡಂ, ನಿಯಮದ ಅಡ್ಡಿಯಿಲ್ಲ. ಎರಡನೇ ತಿಂಗಳು ಗ್ಲೈಡ್ ಸೇರಿಸಿ, ಅಂದರೆ ಸರ್ಕಲ್‌ನ ಹಿಂಬದಿಯಿಂದ ಒಂದು ಕಾಲಲ್ಲಿ ಹಿಮ್ಮುಖವಾಗಿ ಜಾರಿ ಬಂದು ತಳ್ಳೋದು. ಕೂಟಕ್ಕೆ ಒಂದು ವಾರ ಇದ್ದಾಗಲೂ ಗ್ಲೈಡ್ ಮಾಡಿದ ಎಸೆತ ನಿಂತು ಎಸೆದದ್ದಕ್ಕಿಂತ ಹಿಂದೆ ಬೀಳ್ತಿದ್ದರೆ ನಿಂತೇ ಎಸೀಲಿ.