ಜೋರು ಉರಿಯ ಅಡುಗೆಗೆ ಯಾವ ಚಿಮಣಿ ಸಾಕಾಗುತ್ತದೆ? ಅನುಭವ ಇದ್ದವರು ಹೇಳಿ

ಬೆಂಗಳೂರಿನಿಂದ, ಕೇಳಿದವರು: ನಾಲ್ಕನೇ ಮಹಡಿಯ ಫ್ಲ್ಯಾಟು. ಅಡುಗೆಮನೆ 10 ಅಡಿಗೆ 8 ಅಡಿ, ಹಾಲ್ ಕಡೆ ಗೋಡೆ ಇಲ್ಲ. ನಮ್ಮದು ಮೀನು ಕಾಯಿಸುವುದು, ಸುಕ್ಕ ಹುರಿಯುವುದು ಜಾಸ್ತಿ. ಒಣಮೆಣಸು ಬಾಣಲೆಗೆ ಬಿದ್ದರೆ ಮಲಗುವ ಕೋಣೆಯಲ್ಲೂ ಕೆಮ್ಮು. ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುವುದು ಸಾಕಾ, 1500ರದ್ದು ಬೇಕಾ? 60 ಸೆಂ.ಮೀ. ಅಗಲದ್ದಾ, 90ರದ್ದಾ? ಫಿಲ್ಟರ್ ಇರುವುದಾ, ಇಲ್ಲದ್ದಾ?

ಉಡುಪಿಯಿಂದ: ನಂಬರ್ ಬಿಡಿ, ಮೊದಲು ಪೈಪ್ ನೋಡಿ. ಡಬ್ಬದ ಮೇಲೆ ಬರೆದ 1200, 1500 ಎಲ್ಲ ಪೈಪಿನ ತಡೆ ಇಲ್ಲದಾಗಿನ ಲೆಕ್ಕ. ನಮ್ಮದು 1500ರದ್ದು, ಮಷಿನ್ ಒಳ್ಳೆಯದೇ. ಫಿಟ್ ಮಾಡಲು ಬಂದ ಹುಡುಗ ಗೋಡೆಯಲ್ಲಿ ಹಳೇ 4 ಇಂಚಿನ ತೂತು ಇದೆ ಅಂತ ಚಿಮಣಿಯ 6 ಇಂಚಿನ ಬಾಯಿಗೆ ಪೈಪ್ ಸಣ್ಣದು ಮಾಡುವ ರಿಡ್ಯೂಸರ್ ಹಾಕಿ, ಮೂರು ಕಡೆ ಬಗ್ಗಿಸಿ, ಸಹಿ ಹಾಕಿಸಿಕೊಂಡು ಹೋದ. ಬಂಗುಡೆ ಕಾವಲಿಗೆ ಹಾಕಿದ ಕೂಡಲೇ ಹೊಗೆ ಚಿಮಣಿಯ ಮುಂದಿನ ಅಂಚಿನಿಂದ ಹೊರಗೆ ಉರುಳಿ ಸೀದಾ ದೇವರ ಕೋಣೆಗೆ. ಕೇಳಿದರೆ "ಸ್ಪೀಡ್ ಜಾಸ್ತಿ ಇಡಿ ಮೇಡಂ" ಅಂತಾನೆ! ಆಮೇಲೆ ಗೋಡೆಯಲ್ಲಿ ದೊಡ್ಡ ತೂತು ಕೊರೆಯುವ ಕೋರ್ ಕಟಿಂಗ್‌ಗೆ 2,800, ಪೈಪಿಗೆ 1,400, ಮತ್ತೆ ಫಿಟ್ ಮಾಡಲು 650. ಅದರ ಮೇಲೆ ಎರಡು ಟೈಲ್ಸ್ ಒಡೆದವು, ಆ ಡಿಸೈನ್ ಈಗ ಎಲ್ಲೂ ಸಿಗುವುದಿಲ್ಲ. ಆ ಜಾಗ ಕಾಣುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ದಾವಣಗೆರೆಯಿಂದ: ಸುಮ್ನೆ ಯಾಕ್ರೀ ಇಷ್ಟೆಲ್ಲ ಖರ್ಚು? 12 ಇಂಚಿನ ಎಕ್ಸಾಸ್ಟ್ ಫ್ಯಾನ್ 1,900ಕ್ಕೆ ತಂದು ಒಲೆಯ ಹಿಂದಿನ ಗೋಡೆಗೆ ಹಾಕಿದ್ದೇನೆ. ನಮ್ಮನೆಯಲ್ಲಿ ಮಿರ್ಚಿ ಬೋಂಡ ಕರಿಯಲು ಕೂತರೆ ಒಂದು ಬೀದಿಗೆ ಆಗುವಷ್ಟು ಕರಿಯುತ್ತೇವೆ. ಎದುರಿನ ಕಿಟಕಿ ತೆಗೆದಿಟ್ಟರೆ ಹೊಗೆ ಒಂದು ನಿಮಿಷ ನಿಲ್ಲುವುದಿಲ್ಲ. ಬ್ಲೇಡು ನಾನೇ ಬಿಚ್ಚಿ ಸೋಡಾ ಪುಡಿಯ ಬಿಸಿ ನೀರಲ್ಲಿ ತಿಕ್ಕುತ್ತೇನೆ. ಚಿಮಣಿ ಅನ್ನುವುದು ಶೋರೂಮಿನವರು ಹಚ್ಚಿದ ಹುಚ್ಚು.

ಬೆಂಗಳೂರು, ವೈಟ್‌ಫೀಲ್ಡ್‌ನಿಂದ: ದಾವಣಗೆರೆಯವರೇ, ನಿಮಗೆ ಸ್ವಂತ ಮನೆ, ಸ್ವಂತ ಗೋಡೆ. ನಮ್ಮ ಕಷ್ಟ ಕೇಳಿ. ಹೊರಗೋಡೆಗೆ ತೂತು ಹಾಕಿದರೆ ಕಟ್ಟಡದ ಅಂದ ಕೆಡುತ್ತದೆ ಅಂತ ನಮ್ಮ ಅಸೋಸಿಯೇಷನ್ ಬಿಡಲಿಲ್ಲ. ಪ್ರತಿ ಮನೆಯ ಎಸಿ ಡಬ್ಬ ಅದೇ ಗೋಡೆಯಲ್ಲಿ ನೇತಾಡುತ್ತಿದೆ, ಅದಕ್ಕೆ ಅಂದ ಕೆಡಲ್ವಾ? ವಿಧಿಯಿಲ್ಲದೆ ಪೈಪ್ ಇಲ್ಲದ, ಕಾರ್ಬನ್ ಫಿಲ್ಟರ್‌ನದು ಹಾಕಿಸಿಕೊಂಡೆವು. 18,500 ಕೊಟ್ಟಿದ್ದು. ಅದು ಜಿಡ್ಡು ಸ್ವಲ್ಪ ಹಿಡಿಯುತ್ತದೆ, ಬಿಸಿ ಮತ್ತು ಹಬೆ ಪೂರ್ತಿ ವಾಪಸ್ ಒಳಗೇ ಬಿಡುತ್ತದೆ. ಕಾರ್ಬನ್ ಫಿಲ್ಟರ್ ತೊಳೆಯುವ ಹಾಗಿಲ್ಲ, ಹೊಸದೇ ಹಾಕಬೇಕು, ಒಂದು ಸಲಕ್ಕೆ 1,800. ಆದರೂ ಎಕ್ಸಾಸ್ಟ್ ಫ್ಯಾನ್ ಸಾಕು ಅನ್ನುವುದನ್ನು ಒಪ್ಪುವುದಿಲ್ಲ. ಬಾಣಲೆಯ ಮೇಲೇ ಹಿಡಿಯದಿದ್ದರೆ ಎಣ್ಣೆ ಹಬೆ ಮೇಲಿನ ಕಪಾಟಿಗೆಲ್ಲ ಅಂಟುತ್ತದೆ, ಮುಟ್ಟಿದರೆ ಬೆರಳು ಕಚ್ಚಿಕೊಳ್ಳುತ್ತದೆ.

ದಾವಣಗೆರೆಯಿಂದ: ಹೊಗೆಯನ್ನು ಮನೆಯೊಳಗೇ ಸುತ್ತಿಸುವ ಪೆಟ್ಟಿಗೆಗೆ 18,500 ಸುರಿದವರು ನನಗೆ ಪಾಠ ಹೇಳುತ್ತೀರಾ? ನಮ್ಮ ಕಪಾಟು ಬಂದು ಮುಟ್ಟಿ ನೋಡಿ.

ವೈಟ್‌ಫೀಲ್ಡ್‌ನಿಂದ: ವಿಧಿಯಿಲ್ಲದೆ ಅಂತ ಬರೆದಿದ್ದೇನೆ. ಓದಿ ಮಾತಾಡಿ.

ಹುಬ್ಬಳ್ಳಿಯಿಂದ: ಜಗಳ ಬಿಡ್ರಿ. ನನಗೆ ಫಿಲ್ಟರ್‌ಲೆಸ್ ಅಂದರೆ ಆಗುವುದಿಲ್ಲ. "ಆಟೋ ಕ್ಲೀನ್, ಕೈ ಹಚ್ಚೋದೇ ಬ್ಯಾಡ" ಅಂತ ಹೇಳಿ ಮಾರಿದರು. ಅದರಲ್ಲಿ ಹೀಟರ್ ಬಿಸಿಯಾಗಿ ಜಿಡ್ಡು ಕರಗಿ ಕೆಳಗಿನ ಬಟ್ಟಲಿಗೆ ಇಳಿಯಬೇಕು. ಒಂದಿಷ್ಟು ಇಳಿಯುತ್ತದೆ, ಉಳಿದದ್ದು ಫ್ಯಾನಿನ ರೆಕ್ಕೆಗೇ ಮೆತ್ತಿಕೊಳ್ಳುತ್ತದೆ. ಹಬ್ಬಕ್ಕೆ ಕರ್ಚಿಕಾಯಿ ಕರಿಯುವಾಗ ಕಂದು ಬಣ್ಣದ ಹನಿ ತೊಟ್ಟ್ ಅಂತ ಎಣ್ಣೆಯೊಳಗೇ ಬಿತ್ತು, ಇಡೀ ಬಾಣಲೆ ಎಣ್ಣೆ ಚೆಲ್ಲಬೇಕಾಯಿತು. ಬಳಿಕ ಟಚ್ ಪ್ಯಾನೆಲ್ ಹೋಯಿತು. ಮೋಟಾರಿಗೆ ವಾರಂಟಿ ಇದೆಯಂತೆ, ಬೋರ್ಡಿಗೆ ಇಲ್ಲವಂತೆ! 3,600 ಬೋರ್ಡಿಗೆ, ಬಂದು ನೋಡಿದ್ದಕ್ಕೆ 500 ಬೇರೆ. ಈಗ ಬಾಗಿದ ಸ್ಟೀಲ್ ಪಟ್ಟಿಗಳ ಬ್ಯಾಫಲ್ ಫಿಲ್ಟರ್ ಇರುವುದು, ಒತ್ತುವ ಬಟನ್ನಿನದು ತಂದಿದ್ದೇವೆ. ಫಿಲ್ಟರ್ ಎಳೆದು ತೊಳೆದು ಒಣಗಿಸಿ ಸಿಕ್ಕಿಸಿದರೆ ಮುಗಿಯಿತು. ಸಣ್ಣ ಕಣ್ಣಿನ ಜಾಲರಿ ಫಿಲ್ಟರ್ ಮಾತ್ರ ತಗೋಬೇಡ್ರಿ, ನಮ್ಮ ಒಗ್ಗರಣೆಗೆ ಬೇಗ ಕಟ್ಟಿಕೊಳ್ಳುತ್ತದೆ.

ಉಡುಪಿಯಿಂದ: ನಮ್ಮದೂ ಫಿಲ್ಟರ್‌ಲೆಸ್. ಒಂದು ಹನಿ ಬಿದ್ದಿಲ್ಲ. ಬಟ್ಟಲು ತುಂಬುವ ಮೊದಲೇ ತೆಗೆದು ತೊಳೆಯಬೇಕು, ವರ್ಷಕ್ಕೊಮ್ಮೆ ಬಿಚ್ಚಿಸಿ ಸರ್ವಿಸ್ ಮಾಡಿಸಬೇಕು. ಅದು ಬಿಟ್ಟು ಮಷಿನ್‌ಗೆ ಬಯ್ದರೆ?

ಹುಬ್ಬಳ್ಳಿಯಿಂದ: ಬಟ್ಟಲು ತೊಳೆಯುವುದು ನಮಗೆ ಗೊತ್ತಿದೆ ಅಕ್ಕಾರೇ. ಸರ್ವಿಸೂ ಮಾಡಿಸಿದ್ದೆವು, ರಸೀದಿ ಇಟ್ಟಿದ್ದೇನೆ.

ಟೆಕ್ಸಾಸ್‌ನಿಂದ: ಇಲ್ಲಿ ಲೆಕ್ಕ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ನಿಮ್ಮ 1200 ಅಂದರೆ ಇಲ್ಲಿನ ಸುಮಾರು 700. ಬಾಡಿಗೆ ಮನೆಯಲ್ಲಿ ಇದ್ದಾಗ ಒಲೆಯ ಮೇಲೆ ಮೈಕ್ರೋವೇವ್, ಅದರ ಫ್ಯಾನು ಹೊಗೆಯನ್ನು ಮುಖಕ್ಕೇ ಊದುತ್ತಿತ್ತು. ಸಾಸಿವೆ ಸಿಡಿಯುವ ಮೊದಲೇ ಸ್ಮೋಕ್ ಅಲಾರಂ. ಸ್ವಂತ ಮನೆಗೆ 900 ಸಿಎಫ್‌ಎಂನ ಹುಡ್ (ಇಲ್ಲಿ ಚಿಮಣಿಗೆ ಹಾಗೆ ಅನ್ನುತ್ತಾರೆ) ಹಾಕಿಸಿದೆವು, ಚಳಿಗಾಲ ಅಂತ ಕಿಟಕಿ ಎಲ್ಲ ಮುಚ್ಚಿದ್ದೆವು. ಅದು ಗಾಳಿ ಎಳೆದ ರಭಸಕ್ಕೆ ಗ್ಯಾಸ್ ವಾಟರ್ ಹೀಟರಿನ ಹೊಗೆ ಹೊರಗೆ ಹೋಗದೆ ಮನೆಯೊಳಗೆ ತಿರುಗಿತು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಗಿದ್ದರಿಂದ ಬದುಕಿದೆವು. ಇಲ್ಲಿ ಬಹಳ ಕಡೆ 400 ಸಿಎಫ್‌ಎಂ ಮೀರಿದರೆ ಹೊರಗಿನ ಗಾಳಿ ಒಳಗೆ ಬರಲು ದಾರಿ ಮಾಡಬೇಕು ಅಂತ ನಿಯಮವೇ ಇದೆ, ಅದಕ್ಕೆ ಬೇರೆ ಖರ್ಚು. ಬೆಂಗಳೂರಲ್ಲಿ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಕೊಂಡವರು ಇದನ್ನು ದಯವಿಟ್ಟು ತಲೆಯಲ್ಲಿ ಇಟ್ಟುಕೊಳ್ಳಿ. ಚಿಮಣಿ ಓಡುವಾಗ ಕಿಟಕಿ ತೆಗೆದಿರಲಿ.

ಮೈಸೂರಿನಿಂದ: ಫ್ಲ್ಯಾಟಿನಲ್ಲಿ ಮೀನು ಕಾಯಿಸುವವರು ಪೈಪನ್ನು ಪಕ್ಕದ ಮನೆಯ ಯುಟಿಲಿಟಿ ಕಡೆ ಬಿಡಬೇಡಿ. ನಮ್ಮ ಬಟ್ಟೆಗೆಲ್ಲ ವಾಸನೆ.

ಉಡುಪಿಯಿಂದ: ನಿಮ್ಮ ಇಂಗಿನ ಒಗ್ಗರಣೆ ವಾಸನೆ ಪಕ್ಕದವರಿಗೆ ಹೋಗುವುದಿಲ್ವಾ?

ಮೈಸೂರಿನಿಂದ: ಬಟ್ಟೆಯ ವಿಷಯ ಹೇಳಿದೆ, ಊಟದ ವಿಷಯ ಅಲ್ಲ.

ಕೇಳಿದವರು: 60ರದ್ದಾ, 90ರದ್ದಾ, ಯಾರೂ ಹೇಳಲೇ ಇಲ್ಲ. ಒಲೆ ಮೂರು ಬರ್ನರಿನದು. ನಮ್ಮ ಅಸೋಸಿಯೇಷನ್ ಕೂಡ ಗೋಡೆಗೆ ತೂತು ಬೇಡ ಅಂದಿದೆ.

ಹುಬ್ಬಳ್ಳಿಯಿಂದ: 90 ತಗೊಳ್ರಿ. ಮೂರು ಬರ್ನರಿಗೆ 60ರದ್ದು ಹಾಕಿದರೆ ಆಚೀಚಿನ ಬಾಣಲೆಯ ಹೊಗೆ ಅದಕ್ಕೆ ಸಿಗುವುದಿಲ್ಲ. ಒಲೆಯಿಂದ 65-75 ಸೆಂ.ಮೀ. ಎತ್ತರ ಇರಲಿ. ಗೋಡೆ ಯಾಕೆ ಕೊರೆಯುತ್ತೀರಿ? ಕಿಟಕಿಯ ಒಂದು ಗಾಜು ತೆಗೆಸಿ, ಅಲ್ಲಿ ಅಲ್ಯುಮಿನಿಯಂ ಶೀಟ್ ಕೂರಿಸಿ, ಅದರಲ್ಲಿ 6 ಇಂಚಿನ ತೂತು ಮಾಡಿಸ್ರಿ. ಮನೆ ಬಿಡುವಾಗ ಗಾಜು ವಾಪಸ್ ಹಾಕಬಹುದು.

ವೈಟ್‌ಫೀಲ್ಡ್‌ನಿಂದ: ಇದನ್ನು ನಮಗೆ ಶೋರೂಮಿನವನೂ ಹೇಳಲಿಲ್ಲ, ಅಸೋಸಿಯೇಷನ್ನಿನವರೂ ಹೇಳಲಿಲ್ಲ! ನಾಳೆಯೇ ಸೆಕ್ರೆಟರಿ ಹತ್ತಿರ ಹೋಗುತ್ತೇನೆ. ಪಾರಿವಾಳ ಪೈಪಿನೊಳಗೆ ಗೂಡು ಕಟ್ಟದ ಹಾಗೆ ಜಾಲರಿ ಹಾಕಿದರೆ ಸಾಕಾ?

ಹುಬ್ಬಳ್ಳಿಯಿಂದ: ಜಾಲರಿ ಬ್ಯಾಡ್ರಿ, ಜಿಡ್ಡು ಕಟ್ಟಿ ಮುಚ್ಚಿಹೋಗುತ್ತದೆ. ಗಾಳಿ ಬಂದಾಗ ತೆರೆದು ಆಮೇಲೆ ತಾನೇ ಮುಚ್ಚುವ ರೆಕ್ಕೆ ಇರುವ ಮುಚ್ಚಳ ಸಿಗುತ್ತದೆ, ಅದನ್ನು ಹಾಕಿಸ್ರಿ.

ದಾವಣಗೆರೆಯಿಂದ: ಆ ಕಿಟಕಿಗೆ ಎಕ್ಸಾಸ್ಟ್ ಫ್ಯಾನನ್ನೇ ಹಾಕಬಹುದಲ್ವಾ?